ಕುದಿದು ನಿಂತ ಕಿರುಗಾಡಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಪಶ್ಚಿಮದಲ್ಲಿ ಪೇಸ್ಲಿ ಎಂಬ ಹಳೆಯ ನೇಯ್ಗೆಯ ಊರಿದೆ. ನಮ್ಮ ಸೀರೆಯ ಸೆರಗಿನಲ್ಲಿ ಕಾಣುವ ಮಾವಿನಕಾಯಿ ಚಿತ್ತಾರಕ್ಕೆ ಇಂಗ್ಲಿಷಿನಲ್ಲಿ ಆ ಊರಿನ ಹೆಸರೇ ಅಂಟಿಕೊಂಡಿದೆ. ಕಾಶ್ಮೀರದ ಶಾಲನ್ನು ನೋಡಿ ಅಲ್ಲಿನ ನೇಕಾರರು ನೇಯ್ದುದರ ಫಲ ಅದು. ಆ ಊರಿನ ಮಗ್ಗುಲಲ್ಲೇ ಲಿನ್‌ವುಡ್ ಎಂಬ ಸಣ್ಣ ಊರು. 1963ನೆಯ ಇಸವಿ ಮೇ ತಿಂಗಳ 2ನೆಯ ದಿನ ಎಲಿಜಬೆತ್ ರಾಣಿಯ ಪತಿ ಫಿಲಿಪ್ ರಾಜಕುಮಾರರು ಅಲ್ಲಿ ಒಂದು ಮೋಟಾರು ಕಾರ್ಖಾನೆಯನ್ನು ತೆರೆದರು. ಅಲ್ಲಿಂದ ಹೊರಬಂದ ಪುಟ್ಟ ಕಾರಿನ ಹೆಸರು ಹಿಲ್‌ಮನ್ ಇಂಪ್. ಕನ್ನಡದ ಕಿವಿಗೆ ಇಂಪು ಎಂದೊಡನೆ ಸಂಗೀತ ನೆನಪಾಗುತ್ತದೆ. ಇಂಗ್ಲಿಷಿನಲ್ಲಾದರೋ ಆ ಮಾತಿಗೆ ತುಂಟ ಮರಿದೆವ್ವ ಎಂದರ್ಥ. ಆ ಕಾರನ್ನು ಎರಡನೆಯ, ಮೂರನೆಯ ಕೈಯಲ್ಲಿ ಕೊಂಡವರು ಯಾವ ಅರ್ಥವನ್ನು ಒಪ್ಪಿಕೊಂಡರೆಂಬುದು ಮುಂದೆ ತಾನೇ ತಿಳಿಯುವುದು.

ಈ ಕಾರು ಹುಟ್ಟಿದ್ದಕ್ಕೆ ಒಂದು ಕಾಲುವೆ ಕಾರಣವೆಂದರೆ ವಿಚಿತ್ರವಾಗಿ ತೋರಬಹುದು. 1956ರಲ್ಲಿ ಸುಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿ ಎಣ್ಣೆ ಹಡಗುಗಳ ದಾರಿ ಕಟ್ಟಿತು. ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ದೊಡ್ಡ ಕಾರಿನ ಒಡೆಯರು ಕೂಡ ಆಗ ಸಣ್ಣ ಕಾರಿನ ಕಡೆಗೆ ಕಣ್ಣು ಹಾಯಿಸಿದರು. ಕವೆಂಟ್ರಿ ನಗರದ ರೂಟ್ಸ್ ಎಂಬ ಮನೆತನದ ಕಂಪೆನಿ ಮಧ್ಯಮ ಗಾತ್ರದ ಕಾರುಗಳಿಗೆ ಹೆಸರಾಗಿತ್ತು. ಅಷ್ಟು ಕಿರಿದಾದ ಕಾರನ್ನು ಮಾಡಿದ ಅಭ್ಯಾಸ ಅದಕ್ಕಿರಲಿಲ್ಲ. ಅಲ್ಲಿನ ಮೈಕೇಲ್ ಪಾರ್ಕ್ಸ್ ಮತ್ತು ಟಿಮ್ ಫ್ರೈ ಎಂಬ ಇಬ್ಬರು ತರುಣ ಎಂಜಿನಿಯರುಗಳು ಒಂದು ನಮೂನೆಯನ್ನು ಕಟ್ಟಿದರು. ಅದರ ಅಡ್ಡಹೆಸರು ‘ಸ್ಲಗ್’, ಎಂದರೆ ಚಿಪ್ಪಿಲ್ಲದ ಬಸವನಹುಳು. ಮನೆಯ ಯಜಮಾನರಿಗೆ ಅದು ತೀರ ಒರಟೆನಿಸಿತು. ಇನ್ನೂ ನಯವಾದುದನ್ನು ಮಾಡಿರೆಂದು ಹಿಂದಕ್ಕೆ ಕಳುಹಿಸಿದರು. ಈ ತಿದ್ದುವಿಕೆಯಲ್ಲಿ ವರ್ಷಗಳು ಉರುಳಿದವು. ಅಷ್ಟರಲ್ಲಿ, 1959ರಲ್ಲಿ, ಎದುರಾಳಿ ಕಂಪೆನಿಯ ‘ಮಿನಿ’ ಕಾರು ಪೇಟೆಗೆ ಬಂದೇಬಿಟ್ಟಿತು. ನಾಲ್ಕು ವರ್ಷ ತಡವಾಗಿ ಬಂದವನಿಗೆ ಅವಸರ ಹೆಚ್ಚು. ಇಂಪ್‌ನ ಕಷ್ಟಗಳಲ್ಲಿ ಈ ಅವಸರದ ಪಾಲು ಸಣ್ಣದಲ್ಲ.

ಈಗ ಎಂಜಿನಿನ ವಂಶವನ್ನು ಹೇಳಬೇಕು. ಅದು ನಿಜವಾಗಿಯೂ ದೊಡ್ಡ ಮನೆತನ. ಯುದ್ಧ ಮುಗಿದ ಮೇಲೆ, 1950ರ ಸುಮಾರಿನಲ್ಲಿ, ಬ್ರಿಟಿಷ್ ಸರಕಾರಕ್ಕೆ ಬೆಂಕಿಯಾರಿಸುವ ದಳಗಳಿಗಾಗಿ ಒಂದು ಹಗುರವಾದ ಪಂಪು ಬೇಕಾಯಿತು. ಇಬ್ಬರು ಹೊತ್ತುಕೊಂಡು ಓಡುವಷ್ಟು ಹಗುರವಿರಬೇಕು, ನೀರನ್ನು ಮಾತ್ರ ಬಲವಾಗಿ ಎಸೆಯಬೇಕು. ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಕಂಪೆನಿಯಲ್ಲಿ ವಾಲ್ಟರ್ ಹ್ಯಾಸನ್ ಮತ್ತು ಹ್ಯಾರಿ ಮಂಡಿ ಎಂಬವರು ಅಲ್ಯುಮಿನಿಯಮ್ಮಿನಲ್ಲಿ ಎರಕ ಹೊಯ್ದು ಅಂಥ ಎಂಜಿನನ್ನು ರಚಿಸಿದರು. ಗರಿಯಷ್ಟು ಹಗುರ ಎಂಬರ್ಥದ ಹೆಸರೇ ಅದಕ್ಕೆ ಬಂತು. ಪಂದ್ಯದ ಕಾರು ಕಟ್ಟುವವರು ಇದನ್ನು ನೋಡಿ ಬಿಡಲಿಲ್ಲ. ಬೆಂಕಿ ಆರಿಸಬೇಕಾಗಿದ್ದ ಯಂತ್ರ ಕೆಲವೇ ವರ್ಷಗಳಲ್ಲಿ ಪಂದ್ಯದ ಹಾದಿಗೆ ಇಳಿಯಿತು. ಇಂಪ್ ಹುಟ್ಟಿದ 1963ರಲ್ಲಿಯೇ ಸ್ಕಾಟ್ಲೆಂಡಿನವನಾದ ಜಿಮ್ ಕ್ಲಾರ್ಕ್ ಜಗತ್ತಿನ ಅಗ್ರಚಾಲಕನಾದುದು ಇದೇ ಕ್ಲೈಮ್ಯಾಕ್ಸ್ ಕಂಪೆನಿಯ ಎಂಟು ಸಿಲಿಂಡರಿನ ಎಂಜಿನಿನಿಂದ. ಇಂಪ್‌ಗೆ ದೊರೆತುದು ಈ ಕುಲದ ಕಿರಿಯ ಕುಡಿ: ನಾಲ್ಕು ಸಿಲಿಂಡರು, 875 ಸಿ.ಸಿ., ಸುಮಾರು 40 ಅಶ್ವಶಕ್ತಿ. ಅದನ್ನು 45 ಡಿಗ್ರಿ ಓರೆಯಾಗಿ ಮಲಗಿಸಿ ಕಾರಿನ ಹಿಂಭಾಗದಲ್ಲಿ ಕೂರಿಸಿದರು.

ಕಷ್ಟ ಮೊದಲಾಗುವುದು ಇಲ್ಲಿ. ಆವರೆಗೆ ಇಂಗ್ಲೆಂಡಿನ ಮನೆಮನೆಯ ಕಾರಿನ ಎಂಜಿನೆಂದರೆ ಬೀಡುಕಬ್ಬಿಣದ್ದು. ಬೀಡು ಒರಟು, ಭಾರ. ಆದರೆ ಬಹಳ ಸಹಿಸುವ ಲೋಹ. ನೀರು ಬತ್ತಿ ಒಂದೆರಡು ಮೈಲಿ ಕುದಿಯುತ್ತ ಓಡಿದರೂ, ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ನೀರು ತುಂಬಿದರೆ ಅನೇಕ ವೇಳೆ ಏನೂ ಆಗದಂತೆ ನಡೆಯುತ್ತದೆ. ನಮ್ಮ ಘಟ್ಟದ ರಸ್ತೆಗಳಲ್ಲಿ ಅಂಬಾಸಿಡರ್ ಕಾರಿನ ಮುಂದಿನ ಮುಚ್ಚಳವೆತ್ತಿ, ಪಕ್ಕದ ತೊರೆಯಿಂದ ಕೊಡದಲ್ಲಿ ನೀರು ತಂದು ಹೊಯ್ದು ಮುಂದೆ ಸಾಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಯುಮಿನಿಯಮ್ಮಿನ ಸ್ವಭಾವ ಬೇರೆ. ಅಡುಗೆಮನೆಯಲ್ಲೇ ನೋಡಬಹುದು: ಕಬ್ಬಿಣದ ಕಾವಲಿಯನ್ನು ಒಲೆಯ ಮೇಲೆ ಮರೆತರೆ ಕಾವಲಿ ಉಳಿಯುತ್ತದೆ, ನೀರು ಬತ್ತಿದ ಅಲ್ಯುಮಿನಿಯಂ ಪಾತ್ರೆಯನ್ನು ಮರೆತರೆ ಅದರ ತಳ ಸೊಟ್ಟಗಾಗಿ ಮತ್ತೆ ಒಲೆಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಒಂದೇ ಪ್ರಮಾಣದ ಬಿಸಿಗೆ ಅಲ್ಯುಮಿನಿಯಂ ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎಂಜಿನಿನ ಮೇಲಿನ ತಲೆಯ ಭಾಗಕ್ಕೂ ಕೆಳಗಿನ ಒಡಲಿಗೂ ನಡುವೆ ಗ್ಯಾಸ್ಕೆಟ್ ಎಂಬ ತೆಳ್ಳನೆಯ ಹಾಳೆಯಿರುತ್ತದಷ್ಟೆ. ಸಿಲಿಂಡರಿನ ಬೆಂಕಿ, ತಂಪಿನ ನೀರು, ಉಜ್ಜುಗೆ ತಪ್ಪಿಸುವ ಎಣ್ಣೆ, ಈ ಮೂರೂ ಒಂದರೊಡನೊಂದು ಬೆರೆಯದಂತೆ ಕಾಯುವುದು ಆ ಹಾಳೆ. ತಲೆ ಕೂದಲೆಳೆಯಷ್ಟು ಸೊಟ್ಟಗಾದರೂ ಕಾವಲು ತಪ್ಪಿತು.

ಎರಡನೆಯ ಶತ್ರು ನೀರೇ. ಬಚ್ಚಲ ಹಂಡೆಯ ಒಳಮೈಗೆ ಗಡಸು ನೀರಿನಿಂದ ಸುಣ್ಣ ಕಟ್ಟುವಂತೆ ಎಂಜಿನಿನ ನೀರಿನ ದಾರಿಗಳಲ್ಲಿಯೂ ಕಟ್ಟುತ್ತದೆ. ಅದರ ಮೇಲೆ ಬರಿಯ ನಲ್ಲಿ ನೀರು ಅಲ್ಯುಮಿನಿಯಮ್ಮನ್ನು ಮೆಲ್ಲಮೆಲ್ಲನೆ ಕೊರೆದು ಬಿಳಿಯ ಹುಡಿಯನ್ನಾಗಿ ಮಾಡುತ್ತದೆ. ಆ ಹುಡಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕುಳಿತು ದಾರಿ ಕಟ್ಟುತ್ತದೆ. ಇದಕ್ಕೆ ಮದ್ದೆಂದರೆ ಗ್ಲೈಕಾಲ್ ಬೆರೆತ ದ್ರವ. ಅದರಲ್ಲಿ ನೀರು ಹೆಪ್ಪುಗಟ್ಟದಂತೆ ತಡೆಯುವ ಗುಣದ ಜೊತೆಗೆ ಲೋಹ ಸವೆಯದಂತೆ ಕಾಯುವ ಔಷಧಿಯೂ ಸೇರಿರುತ್ತದೆ. ಆ ಕಾಲದ ಇಂಗ್ಲೆಂಡಿನ ಗೃಹಸ್ಥರಿಗೆ ಇದೊಂದು ಚಳಿಗಾಲದ ವಸ್ತು. ಹಿಮ ಬೀಳುವ ಮೊದಲು ಹೊಯ್ಯುವುದು, ವಸಂತ ಬಂದೊಡನೆ ಬಸಿದು ಬರಿಯ ನೀರು ತುಂಬುವುದು, ಇದು ಅನೇಕರ ರೂಢಿ. ಬೀಡಿನ ಎಂಜಿನಿಗೆ ಈ ಮಿತವ್ಯಯ ನಡೆಯಿತು. ಇಂಪ್‌ಗೆ ಅದೇ ವಿಷವಾಯಿತು. ಒಳ್ಳೆಯ ಗೃಹಸ್ಥನ ಒಳ್ಳೆಯ ಅಭ್ಯಾಸವೇ ಯಂತ್ರವನ್ನು ಕೊಂದಿತೆಂದರೆ ಅದರಲ್ಲಿ ಅವನ ಅಪರಾಧವೇನು?

ಇನ್ನು ಸ್ಥಾನದ ದೋಷ. ಎಂಜಿನು ಹಿಂದೆ, ರೇಡಿಯೇಟರೂ ಅದರ ಮಗ್ಗುಲಲ್ಲಿ ಹಿಂದೆಯೇ. ಮುಂದಿದ್ದ ರೇಡಿಯೇಟರಿಗೆ ಓಟದ ಗಾಳಿ ತಾನಾಗಿ ಬಡಿಯುತ್ತದೆ. ಹಿಂದಿದ್ದುದು ಬಹುಪಾಲು ಫ್ಯಾನನ್ನೇ ನಂಬಬೇಕು. ಆ ಫ್ಯಾನನ್ನೂ ನೀರಿನ ಪಂಪನ್ನೂ ಓಡಿಸುವುದು ಒಂದು ರಬ್ಬರು ಬೆಲ್ಟು. ಚಕ್ರಗಳು ಎಬ್ಬಿಸುವ ಧೂಳು, ಎಣ್ಣೆಯ ಜಿಡ್ಡು ಎಲ್ಲವೂ ರೇಡಿಯೇಟರಿನ ರೆಕ್ಕೆಗಳ ನಡುವೆ ಕೂರುತ್ತವೆ. ಚಳಿದೇಶವಾದ್ದರಿಂದ ಕಾರಿನೊಳಗೆ ಬಿಸಿಗಾಳಿ ಬೇಕು. ಅದಕ್ಕಾಗಿ ಹಿಂದಿನ ಬಿಸಿನೀರನ್ನು ಉದ್ದದ ಕೊಳವೆಗಳಲ್ಲಿ ಮುಂದಕ್ಕೆ ಒಯ್ಯಬೇಕು. ನೀರು ತುಂಬುವವನು ಜಾಣನಲ್ಲದಿದ್ದರೆ ಆ ಕೊಳವೆಗಳಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಹರಿವು ನಿಂತುಹೋಗುತ್ತದೆ. ಇವೆಲ್ಲಕ್ಕಿಂತ ಕೇಡಿನ ಸಂಗತಿ ಇನ್ನೊಂದಿದೆ: ಮುಂದಿನ ಎಂಜಿನು ಕುದಿದರೆ ಹಬೆ ಕಣ್ಣಿಗೇ ಬಡಿಯುತ್ತದೆ. ಹಿಂದಿನದು ಕುದಿದರೆ ಚಾಲಕನಿಗೆ ಹೇಳುವವರು ಹಿಂದೆ ಬರುವ ಕಾರಿನವರು.

ಮೊದಲ ವರ್ಷಗಳ ಇಂಪ್‌ಗಳಲ್ಲಿ ನೀರಿನ ಪಂಪು ಸೋರುವುದು ದೊಡ್ಡ ದೂರಾಯಿತು. ವೇಗ ಹೆಚ್ಚಿಸುವ ಪೆಡಲಿಗೂ ಎಂಜಿನಿಗೂ ತಂತಿಯ ಬದಲು ಗಾಳಿಯ ಒತ್ತಡದಿಂದ ನಡೆಯುವ ಕೊಳವೆ ಹಾಕಿದ್ದರು. ಅದೂ, ತಾನಾಗಿ ಕೆಲಸ ಮಾಡಬೇಕಾದ ಚೋಕೂ ಬಗೆಬಗೆಯಾಗಿ ಕಾಡಿದವು. 1965ರ ಕೊನೆಗೆ ಬಂದ ಎರಡನೆಯ ಮಾದರಿಯಲ್ಲಿ ಇವನ್ನು ತೆಗೆದು ಹಳೆಯ ಕ್ರಮಕ್ಕೇ ಮರಳಿದರು. ಆದರೆ ಪೇಟೆಯಲ್ಲಿ ಕೆಟ್ಟ ಹೆಸರು ಬರಲು ಎರಡು ವರ್ಷ ಸಾಕು, ಹೋಗಲು ಇಪ್ಪತ್ತು ಸಾಲದು.

ಇದರ ಬೆಲೆಯನ್ನು ತೆತ್ತವರು ಯಾರು? ಹೊಸ ಕಾರು ಕೊಂಡವನಿಗೆ ಕಂಪೆನಿಯ ಭರವಸೆಯಿತ್ತು. ಕೆಟ್ಟರೆ ಅವರೇ ಸರಿಪಡಿಸಿಕೊಡುತ್ತಿದ್ದರು, ಆ ಖರ್ಚು ರೂಟ್ಸ್ ಮನೆತನದ ಬೊಕ್ಕಸವನ್ನೇ ಕೊರೆಯಿತು. ಎರಡು ಮೂರು ವರ್ಷಕ್ಕೆ ಅವನು ಮಾರಿದ ಮೇಲೆ ಕೊಳ್ಳುವವನು ಸಾಮಾನ್ಯವಾಗಿ ಅವನಿಗಿಂತ ಬಡವ. ಹಿಂದಿನವನು ಎಷ್ಟು ಸಲ ಕುದಿಸಿದ್ದನೋ ಇವನಿಗೆ ತಿಳಿಯದು. ಬಣ್ಣ ಹೊಳೆಯುತ್ತದೆ, ಎಂಜಿನು ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಸೊಟ್ಟಗಾದ ತಲೆ ತಣ್ಣಗಿರುವಾಗ ಮಾತಾಡುವುದಿಲ್ಲ. ಕೆಲವು ದಿನಕ್ಕೆ ರೇಡಿಯೇಟರಿನ ನೀರು ಎಲ್ಲಿಯೂ ಸೋರದೆ ಕಡಿಮೆಯಾಗುತ್ತದೆ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯ ಕೆನೆಯಂಥ ಬಿಳಿಯ ಜಿಗುಟು ಕಾಣುತ್ತದೆ: ನೀರು ಎಣ್ಣೆಯನ್ನು ಸೇರಿದೆ ಎಂಬುದಕ್ಕೆ ಅದು ಗುರುತು. ಬಿಸಿಯಾದ ಮೇಲೂ ಹಿಂದಿನ ಕೊಳವೆಯಿಂದ ಬಿಳಿಯ ಹಬೆ ನಿಲ್ಲದಿದ್ದರೆ ನೀರು ಬೆಂಕಿಯನ್ನು ಸೇರಿದೆ. ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನು ಓಡಿಸಿದರೆ ಗುಳ್ಳೆಗಳು ಎಡೆಬಿಡದೆ ಏಳುತ್ತವೆ. (ಬಿಸಿಯಾಗಿರುವಾಗ ಈ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒತ್ತಡದಲ್ಲಿ ಕುದಿಯದೆ ನಿಂತ ನೀರು ಮುಚ್ಚಳ ಸಡಿಲಿಸಿದೊಡನೆ ಹಬೆಯಾಗಿ ಮುಖಕ್ಕೆ ಹಾರುತ್ತದೆ.) ಈ ಗುರುತುಗಳು ಇಂಪ್ ಒಂದಕ್ಕೇ ಸೇರಿದವಲ್ಲ. ಇಂದು ಅಲ್ಯುಮಿನಿಯಂ ತಲೆಯ ಕಾರುಗಳೇ ಎಲ್ಲೆಲ್ಲೂ; ಹಳೆಯ ಕಾರು ಕೊಳ್ಳುವವರು ಇವನ್ನು ಇವತ್ತಿಗೂ ನೋಡತಕ್ಕದ್ದು.

ಹಾಗಾದರೆ ಎಂಜಿನೇ ಕೆಟ್ಟದ್ದೆ? ನನಗೆ ಹಾಗೆ ತೋರುವುದಿಲ್ಲ. 1965ರಲ್ಲಿ ಡಬ್ಲಿನ್ ನಗರದ ರೋಸ್‌ಮೆರಿ ಸ್ಮಿತ್ ಎಂಬ ಮಹಿಳೆ ಇಂಪ್ ಓಡಿಸಿ ಹಾಲೆಂಡಿನ ಟ್ಯೂಲಿಪ್ ರ‍್ಯಾಲಿಯನ್ನು ಗೆದ್ದರು. ಮಹಿಳೆಯರ ವಿಭಾಗವನ್ನಲ್ಲ, ಇಡೀ ಪಂದ್ಯವನ್ನು. 1970, 1971, 1972 ಮೂರು ವರ್ಷವೂ ಬಿಲ್ ಮೆಕ್‌ಗವರ್ನ್ ಇದೇ ಜಾತಿಯ ಸನ್‌ಬೀಮ್ ಇಂಪ್‌ನಲ್ಲಿ ಬ್ರಿಟಿಷ್ ಸಲೂನ್ ಕಾರುಗಳ ಅಗ್ರಪದವಿಯನ್ನು ಪಡೆದರು. ಅದೇ ಲೋಹ, ಅದೇ ಎರಕ. ಕುದುರೆಯ ಗುಣವನ್ನು ಬಲ್ಲವರ ಕೈಯಲ್ಲಿ ಅದು ಓಡಿತು. ಎತ್ತಿನಂತೆ ಹೂಡಿದವರ ಕೈಯಲ್ಲಿ ಕುಸಿಯಿತು. ಆದರೆ ಎತ್ತು ಬೇಕೆಂದು ಕೇಳಿದವನಿಗೆ ಕುದುರೆಯನ್ನು ಮಾರಿ, ಅದರ ಆರೈಕೆಯನ್ನು ಕಲಿಸದೆ ಕಳುಹಿಸಿದವರ ಹೊಣೆ ಎಲ್ಲಿ ಹೋಯಿತು?

ಕಾರ್ಖಾನೆಯ ಕತೆಯಲ್ಲಿಯೂ ಇದೇ ಬಗೆಯ ಎಡವಟ್ಟು. ರೂಟ್ಸ್‌ನವರು ಕವೆಂಟ್ರಿಯ ಬಳಿಯ ರೈಟನ್ನಿನಲ್ಲಿಯೇ ಬೆಳೆಯಬೇಕೆಂದಿದ್ದರು. ಸರಕಾರ ಅನುಮತಿ ಕೊಡಲಿಲ್ಲ. ಗ್ಲಾಸ್ಗೋ ಸುತ್ತಿನ ಹಡಗು ಕಟ್ಟುವ ಕೆಲಸ ಇಳಿಮುಖವಾಗಿ ನಿರುದ್ಯೋಗ ಬೆಳೆಯುತ್ತಿತ್ತು, ಅಲ್ಲಿಗೇ ಹೋಗಿರೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಎಂಜಿನಿನ ಎರಕವನ್ನು ಲಿನ್‌ವುಡ್‌ನಲ್ಲಿ ಹೊಯ್ದು, ನಯಗೊಳಿಸಿ ಜೋಡಿಸಲು ಮುನ್ನೂರು ಮೈಲಿ ದಕ್ಷಿಣಕ್ಕೆ ಸಾಗಿಸಿ, ಮತ್ತೆ ಲಿನ್‌ವುಡ್‌ಗೆ ತಂದು ಕಾರಿಗೆ ಕೂರಿಸುತ್ತಿದ್ದರು. ಹಡಗಿನ ಕೆಲಸದಲ್ಲಿ ಪಳಗಿದ ಕೈಗಳಿಗೆ ಒಂದೇ ತಿರುಪನ್ನು ದಿನವಿಡೀ ತಿರುಗಿಸುವ ಸಾಲುಕೆಲಸ ಒಗ್ಗಲಿಲ್ಲ. ಮುಷ್ಕರಗಳು ಮೇಲಿಂದ ಮೇಲೆ ನಡೆದವು. ಕಾರು ಕೆಟ್ಟುದಕ್ಕೆಲ್ಲ ಆ ಕೆಲಸಗಾರರನ್ನೇ ದೂರುವವರು ಇಂದಿಗೂ ಉಂಟು. ಪಂಪಿನ ನಕ್ಷೆಯನ್ನು ಬರೆದವರು ಅವರಲ್ಲ, ರೇಡಿಯೇಟರನ್ನು ಹಿಂದಕ್ಕಿಟ್ಟವರೂ ಅವರಲ್ಲ.

ವರ್ಷಕ್ಕೆ 150,000 ಕಾರು ಮಾಡುವ ಅಳತೆಯಲ್ಲಿ ಕಟ್ಟಿದ ಕಾರ್ಖಾನೆ ಅದು. 1976ರಲ್ಲಿ ಇಂಪ್ ನಿಂತಾಗ ಹದಿಮೂರು ವರ್ಷಗಳ ಒಟ್ಟು ಲೆಕ್ಕವೇ ಸುಮಾರು 440,000. ಮಿನಿ ಐವತ್ತು ಲಕ್ಷವನ್ನು ದಾಟಿತು. ನಷ್ಟದಲ್ಲಿ ಮುಳುಗಿದ ರೂಟ್ಸ್ ಕಂಪೆನಿ 1964ರಿಂದ ಅಮೆರಿಕದ ಕ್ರೈಸ್ಲರ್ ಕಂಪೆನಿಯ ಹಣವನ್ನು ನೆಚ್ಚಿತು. 1967ರಲ್ಲಿ ಪೂರ್ತಿಯಾಗಿ ಅವರ ವಶವಾಯಿತು. 1978ರಲ್ಲಿ ಕ್ರೈಸ್ಲರ್‌ನವರು ಯೂರೋಪಿನ ವ್ಯವಹಾರವನ್ನು ಫ್ರಾನ್ಸಿನ ಪ್ಯೂಜೊ ಕಂಪೆನಿಗೆ ಮಾರಿದರು. 1981ರಲ್ಲಿ ಪ್ಯೂಜೊದವರು ಲಿನ್‌ವುಡ್‌ನ ಬಾಗಿಲು ಮುಚ್ಚಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಕಾರ್ಖಾನೆಯನ್ನೇ ನಂಬಿ ಆ ಊರಿಗೆ ಬಂದು ನೆಲೆಸಿದವರು.

ಬ್ರಿಟನ್ನಿನಲ್ಲಿ ಇಂಪ್ ಕಾರನ್ನು ಇನ್ನೂ ಓಡಿಸುವ ಪ್ರೇಮಿಗಳಿದ್ದಾರೆ. ಅವರು ತಂಪಿನ ದ್ರವವನ್ನು ಬಸಿದು ಬರಿಯ ನೀರು ಹೊಯ್ಯುವುದಿಲ್ಲ; ಬೇಸಗೆ ಚಳಿಗಾಲವೆನ್ನದೆ ಅದನ್ನೇ ಇಟ್ಟುಕೊಂಡಿರುತ್ತಾರೆ. ಕೆಲವರು ಹಿಂದಿನ ರೇಡಿಯೇಟರನ್ನೇ ಬಿಚ್ಚಿ ಕಾರಿನ ಮೂತಿಗೆ, ಓಟದ ಗಾಳಿ ನೇರವಾಗಿ ಬಡಿಯುವಲ್ಲಿಗೆ, ಸಾಗಿಸಿಕೊಂಡಿದ್ದಾರೆ.