ಎಲೆ ಆರಿಸಿದ ಕೈಗಳು

ಮಾಗಡಿ ರಸ್ತೆಯ ನಮ್ಮೂರಿಗೆ ಸುಂಕದಕಟ್ಟೆ ಎಂಬ ಹೆಸರೇಕೆ ಎಂದು ಪ್ರತಿ ವರ್ಷ ಯಾವುದಾದರೂ ಒಂದು ಮಗು ತರಗತಿಯಲ್ಲಿ ಕೇಳಿಯೇ ಕೇಳುತ್ತದೆ. ಸುಂಕ ವಸೂಲಿಯ ಕಟ್ಟೆ ಎಂದು ಹೆಸರೇ ಹೇಳುತ್ತದಲ್ಲ ಎನ್ನುತ್ತೇನೆ. “ಹಾಗಾದ್ರೆ ಈ ದಾರೀಲಿ ಏನೇನು ಬರ್ತಿತ್ತು ಮಿಸ್?” ಎಂಬುದು ಮುಂದಿನ ಪ್ರಶ್ನೆ. ರಾಜರ ಕಾಲದ ಮಾತು ಹಾಗಿರಲಿ, ನನ್ನ ಬಾಲ್ಯದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಾಗಡಿ ಕಡೆಯ ಬಸ್ಸಿನ ಟಾಪಿನ ಮೇಲೆ ಸೊಪ್ಪಿನ ಮೂಟೆ, ತರಕಾರಿ ಬುಟ್ಟಿಗಳ ಜೊತೆಗೆ ಮುತ್ತುಗದ ಎಲೆಯ ಕಟ್ಟುಗಳೂ ಬರುತ್ತಿದ್ದವು.

ಮುತ್ತುಗ ಒಣಕಾಡಿನ ಮರ. ಶಿವರಾತ್ರಿಯ ಹೊತ್ತಿಗೆ ಎಲೆಯೆಲ್ಲ ಉದುರಿ ಮರ ಕೆಂಡ ಹೊತ್ತಂತೆ ಹೂ ಬಿಡುತ್ತದೆ. ಆಮೇಲೆ ಬರುವ ಎಲೆ ಒಂದು ತೊಟ್ಟಿಗೆ ಮೂರು. ತೀರಾ ಎಳೆಯದು ಹೊಲಿಯುವಾಗ ಹರಿಯುತ್ತದೆ, ಬಲಿತು ಒರಟಾದದ್ದು ಮಡಿಚಿದರೆ ಸೀಳುತ್ತದೆ. ಎರಡರ ನಡುವಿನ ಹದ ಕಣ್ಣಿಗಿಂತ ಬೆರಳಿಗೇ ಹೆಚ್ಚು ಗೊತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಎಲೆಗಳನ್ನು ಕಲ್ಲಿನಡಿ ಇಟ್ಟು ನೆರಳಲ್ಲಿ ಒಣಗಿಸಿ, ಹೊಲಿಯುವ ಮುಂಚೆ ನೀರು ಚಿಮುಕಿಸಿ, ಸಣ್ಣ ಕಡ್ಡಿ ಚುಚ್ಚಿ ದುಂಡಗೆ ಜೋಡಿಸುತ್ತಿದ್ದರು. ಮನೆಗೆಲಸವೆಲ್ಲ ಮುಗಿದ ಮೇಲೆ, ಬುಡ್ಡಿ ದೀಪದ ಬೆಳಕಿನಲ್ಲಿ. ನೂರು ಎಲೆಯ ಲೆಕ್ಕದಲ್ಲಿ ಕಾಸು. ಮದುವೆ ಕಾಲ ಬಂದರೆ ಅವರ ಮನೆಯಲ್ಲಿ ಎಣ್ಣೆ, ಬೆಲ್ಲ ಕಾಣಿಸುತ್ತಿತ್ತು, ಆಷಾಢದಲ್ಲಿ ಇಲ್ಲ. ಊಟದ ಎಲೆಯನ್ನು ನಾವು ಸಂಸ್ಕೃತಿ ಎಂದು ಕರೆಯುತ್ತೇವೆ, ಅಜ್ಜಿಗೆ ಅದು ಸಂಪಾದನೆ.

ಈ ಮರಕ್ಕೆ ಸಂಸ್ಕೃತದಲ್ಲಿ ಪಲಾಶ. 1757ರ ಪ್ಲಾಸಿ ಕದನವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಬಂಗಾಳದ ಆ ಪಲಾಶಿ ಊರಿಗೆ ಈ ಮರದಿಂದಲೇ ಹೆಸರು ಬಂತೆನ್ನುತ್ತಾರೆ. ನಮ್ಮ ಸೀಮೆಯ ಎಲೆಯೂಟದ ಬಗ್ಗೆ ಬರೆದಿಟ್ಟವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಒಬ್ಬ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದವನು, 1823ರಲ್ಲಿ ತನ್ನ ದೇಶಕ್ಕೆ ಮರಳಿದ. ಅವನ ಪುಸ್ತಕದಲ್ಲಿ ಹೊಲಿದ ಎಲೆಗಳೂ ಬರುತ್ತವೆ, ಅವುಗಳ ಸುತ್ತಲಿನ ಮಡಿ-ಮೈಲಿಗೆಯೂ ಬರುತ್ತದೆ. ಉಂಡು ಎಸೆಯುವ ಎಲೆಗೆ ಇನ್ನೊಬ್ಬರ ಎಂಜಲು ಸೋಕಿರುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಆದರೆ ಆ ಎಂಜಲೆಲೆಯನ್ನು ಯಾರು ಎತ್ತಬೇಕು, ಯಾರು ಕೊನೆಯ ಪಂಕ್ತಿಯಲ್ಲಿ ಕೂರಬೇಕು ಎಂಬುದೂ ಅದೇ ಲೆಕ್ಕದಲ್ಲಿ ತೀರ್ಮಾನವಾಗುತ್ತಿತ್ತು. ಎಲೆಯನ್ನು ಹೊಗಳುವಾಗ ಈ ಮಾತನ್ನು ಬಿಟ್ಟು ಹೊಗಳಿದರೆ ಚರಿತ್ರೆ ಅರ್ಧವಾಗುತ್ತದೆ.

ಬಡಿಸುವ ಎಲೆಯದು ಒಂದು ಕಥೆಯಾದರೆ ಬೇಯಿಸುವ ಎಲೆಯದು ಇನ್ನೊಂದು. ಇದರಲ್ಲಿ ಕರಾವಳಿಯ ಹೆಂಗಸರೇ ಪಂಡಿತರು. ಹಲಸಿನ ಎಲೆ ದಪ್ಪ, ಹಬೆಗೆ ಬಗ್ಗುವುದಿಲ್ಲ. ಆದ್ದರಿಂದ ನಾಲ್ಕು ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ ಅದರಲ್ಲಿ ಹಿಟ್ಟು ಹೊಯ್ಯುತ್ತಾರೆ. ಕೇದಗೆ ಜಾತಿಯ ಉದ್ದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿದರೆ ಮೂಡೆ. ಕೃಷ್ಣಾಷ್ಟಮಿಗೆ ಇವೆರಡೂ ಬೇಕು. ಅರಿಶಿನದ ಎಲೆಯ ಕೆಲಸ ಆಕಾರ ಕೊಡುವುದಲ್ಲ, ಪರಿಮಳ ಕೊಡುವುದು. ನಾಗರಪಂಚಮಿಯ ಹೊತ್ತಿಗೆ ಮಳೆ ಬಿದ್ದು ಗಿಡ ಎದ್ದಿರುತ್ತದೆ, ಕಡುಬಿನ ಒಳಗೆ ಬೆಲ್ಲ-ಕಾಯಿ ಇರುತ್ತದೆ. ಪತ್ರೊಡೆಯ ಕೆಸುವಿನೆಲೆಯಲ್ಲಿ ಗಂಟಲು ಕೆರೆಸುವ ಸೂಜಿಯಂಥ ಹರಳುಗಳಿವೆ. ಅದಕ್ಕೇ ಹುಣಿಸೆಹಣ್ಣು ಧಾರಾಳ. ಬಾಳೆಲೆಯನ್ನು ಕೆಂಡದ ಮೇಲೆ ಆಡಿಸದೆ ಮಡಿಚಿದರೆ ಸೀಳುವುದು ಖಂಡಿತ. ಎಕ್ಕ, ಕಣಗಿಲೆ ಎಷ್ಟೇ ಹಸಿರಾಗಿ ಕಂಡರೂ ಅಡುಗೆಮನೆಗೆ ಬರುವಂತಿಲ್ಲ, ಅವು ವಿಷ. ಯಾವ ಪುಸ್ತಕವನ್ನೂ ಓದದ ಹೆಂಗಸರು ಇಷ್ಟನ್ನೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿಸಿದರು. ಇದು ವಿಜ್ಞಾನವಲ್ಲದಿದ್ದರೆ ಮತ್ತೇನು?

ಈಗ ನಮ್ಮ ಇಡ್ಲಿಯ ವಿಷಯ. ಸುಮಾರು 920ರ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಹೆಸರು ಬರುತ್ತದೆ, ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದಿನಿಂದ ಅದನ್ನು ಮಾಡುವ ಬಗೆಯಿದೆ. ಸಾವಿರ ವರ್ಷ ಬಾಳಿದ ಈ ತಿಂಡಿಗೆ ನಮ್ಮ ಕಾಲದಲ್ಲಿ ಒಂದು ಆಪತ್ತು ಬಂತು. ಹೋಟೆಲುಗಳಲ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸುವ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸತೊಡಗಿದರು. ಬಟ್ಟೆಯಾದರೆ ಒಗೆಯಬೇಕು, ಹಾಳೆಯಾದರೆ ಎಸೆದರೆ ಮುಗಿಯಿತು. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಇದು ಸಿಕ್ಕಿಬಿದ್ದು, ಆರೋಗ್ಯ ಸಚಿವರು ನಿಷೇಧ ಪ್ರಕಟಿಸಿದರು. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ಕನ್ನೂ ಪ್ಲಾಸ್ಟಿಕ್ ತಟ್ಟೆಯನ್ನೂ ನಮ್ಮ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿತ್ತು. ಕಾನೂನು ಬಂದು ಒಂಬತ್ತು ವರ್ಷವಾದರೂ ಹಬೆಪಾತ್ರೆಯ ಮುಚ್ಚಳ ತೆಗೆದು ನೋಡುವವರು ಬೇಕಾಯಿತು.

ಹಾಗೆಂದು ಮರದಿಂದ ಬಂದದ್ದೆಲ್ಲ ಅಮೃತವೆಂದು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಮಲೆನಾಡಿನ ಅಡಿಕೆ ಹಾಳೆಯ ತಟ್ಟೆ ವಿದೇಶಕ್ಕೂ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯಲ್ಲಿರುವ ಕೆಲವು ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂದು ಅದಕ್ಕೆ ತಕರಾರು ತೆಗೆಯಿತು. ತಟ್ಟೆ ಮಾಡಿ ಬದುಕುವ ಮನೆಗಳಿಗೆ ಇದು ಸಣ್ಣ ಪೆಟ್ಟಲ್ಲ. ತಲೆಮಾರುಗಳಿಂದ ಬಳಸಿದ ಎಲೆಗೂ ಹೊಸದಾಗಿ ವ್ಯಾಪಾರಕ್ಕೆ ಬಂದ ಹಾಳೆಗೂ ವ್ಯತ್ಯಾಸವಿದೆ. ಹೊಸದನ್ನು ಪರೀಕ್ಷಿಸಿಯೇ ಒಪ್ಪಬೇಕು. ಹಳಬರೂ ಒಂದೊಂದು ಎಲೆಯನ್ನು ಪರೀಕ್ಷಿಸಿಯೇ ಒಪ್ಪಿದವರಲ್ಲವೇ?

ಈಗ ಅಂಗಡಿಯಲ್ಲಿ ಸಿಗುವ ಮುತ್ತುಗದ ತಟ್ಟೆ ಬಹುಪಾಲು ಯಂತ್ರದಲ್ಲಿ ಒತ್ತಿದ್ದು. ಕೆಲವಕ್ಕೆ ಸಾರು ಸೋರದಿರಲೆಂದು ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಮೇಲೆ ಎಲೆ, ಒಳಗೆ ಅದೇ ಹಾಳೆ. ಗೃಹಪ್ರವೇಶಕ್ಕೋ ಸೀಮಂತಕ್ಕೋ ಕೊಳ್ಳುವಾಗ ಅಂಚನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿ, ಪೊರೆ ಏಳುತ್ತದೆಯೇ ಎಂದು. ಕೈಯಲ್ಲಿ ಹೊಲಿದದ್ದು ಸಿಕ್ಕರೆ ನೂರಕ್ಕೆ ನಾಲ್ಕು ಕಾಸು ಹೆಚ್ಚಾದರೂ ಚೌಕಾಸಿ ಮಾಡಬೇಡಿ. ರೇಷ್ಮೆ ಸೀರೆಯ ಅಂಗಡಿಯಲ್ಲಿ ನಾವು ಅಷ್ಟೊಂದು ಚೌಕಾಸಿ ಮಾಡುವುದಿಲ್ಲವಲ್ಲ!