ಆರು ಎಸಳುಗಳಲ್ಲಿ ಹಾಡಿಲ್ಲ

ಸಂಗೀತ ಮನುಷ್ಯನ ಒಳಗೆ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದವರು ಬಹಳ ಜನ. ಇಂಥ ಚಕ್ರದ ಇಂಥ ಎಸಳಿನಲ್ಲಿ ಹುಟ್ಟುತ್ತದೆ, ಇಂಥ ಎಸಳಿನಲ್ಲಿ ಕೆಡುತ್ತದೆ ಎಂದು ಎಣಿಸಿ ಬರೆದಿಟ್ಟವನು ಶಾರ್ಙ್ಗದೇವ. ಎಣಿಸಿ ಬರೆಯುವುದು ಅವನ ಉದ್ಯೋಗವೂ ಆಗಿತ್ತು. ದೇವಗಿರಿಯ ಸೇವುಣರ ದೊರೆ ಸಿಂಘಣ ಹದಿಮೂರನೆಯ ಶತಮಾನದ ಮೊದಲ ಅರ್ಧದಲ್ಲಿ ಆಳುತ್ತಿದ್ದಾಗ ಇವನು ಅರಮನೆಯ ಕರಣಾಧಿಪ, ಅಂದರೆ ಲೆಕ್ಕಪತ್ರದ ಮುಖ್ಯಸ್ಥ. ತಾತ ಭಾಸ್ಕರ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು, ತಂದೆ ಸೋಢಲ ಅದೇ ಅರಮನೆಯ ಸೇವೆಯಲ್ಲಿದ್ದವನು. ವೈದ್ಯವನ್ನೂ ವೇದಾಂತವನ್ನೂ ಬಲ್ಲ ಮಗ ತನ್ನನ್ನು ನಿಃಶಂಕ ಎಂದು ಕರೆದುಕೊಂಡ. ಸಂಶಯವಿಲ್ಲದವನು ಎಂಬ ಆ ಬಿರುದು ಅವನಿಗೆ ಒಪ್ಪುತ್ತದೆ.

ಧಾರವಾಡದಲ್ಲಿ ಕೂತು ಹಾಡು ಕಲಿಸುವ ನನಗೆ ದೇವಗಿರಿ ದೂರದ ಊರು ಅನ್ನಿಸಿದ್ದಿಲ್ಲ. ಸೇವುಣರು ಕನ್ನಡದಲ್ಲಿ ಶಾಸನ ಹಾಕಿಸಿದವರು. ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಕರ್ಣಾಟ ಬಂಗಾಳವೆಂಬ ರಾಗ ಬರುತ್ತದೆ. ದೇಶಿ ಏಲಾ ಪ್ರಬಂಧಗಳನ್ನು ಹೇಳುವಾಗ ಕರ್ಣಾಟದ ಏಲಾ ಬರುತ್ತದೆ. ಏಳು ಅಧ್ಯಾಯಗಳ ಆ ಗ್ರಂಥಕ್ಕೆ ದೊಡ್ಡ ವ್ಯಾಖ್ಯಾನ ಬರೆದ ಕಲ್ಲಿನಾಥ ಹದಿನೈದನೆಯ ಶತಮಾನದ ವಿಜಯನಗರದವನು. ಹಿಂದುಸ್ತಾನಿಯವರೂ ಕರ್ನಾಟಕ ಸಂಗೀತದವರೂ ಇಬ್ಬರೂ ತಮ್ಮದೆಂದು ಹೇಳಿಕೊಳ್ಳುವ ಗ್ರಂಥ ಅದು.

ಆ ಗ್ರಂಥ ತೆರೆದವರಿಗೆ ಮೊದಲ ಅಧ್ಯಾಯದಲ್ಲೇ ಆಶ್ಚರ್ಯ ಕಾದಿರುತ್ತದೆ. ಸ್ವರ, ಶ್ರುತಿ ಹೇಳುವ ಮೊದಲು ಪಿಂಡೋತ್ಪತ್ತಿ ಎಂಬ ಪ್ರಕರಣ. ಗರ್ಭ ನಿಲ್ಲುವುದು, ತಿಂಗಳು ತಿಂಗಳಿಗೆ ಅದು ಬೆಳೆಯುವುದು, ಎಲುಬು, ನರ, ಕೀಲು, ಎಲ್ಲ ಆಯುರ್ವೇದದ ಕ್ರಮದಲ್ಲಿ. ಹಾಡುವುದು ದೇಹ, ಆದ್ದರಿಂದ ದೇಹ ಹೇಗಾಯಿತೆಂದು ಮೊದಲು ಹೇಳಬೇಕು ಎಂಬುದು ಅವನ ನಿಲುವು. ಅದಾದ ಮೇಲೆ ಚಕ್ರಗಳು. ಇಂದು ಎಲ್ಲರ ಬಾಯಲ್ಲಿರುವ ಏಳಲ್ಲ, ಹತ್ತು: ಆಧಾರ, ಸ್ವಾಧಿಷ್ಠಾನ, ಮಣಿಪೂರಕ, ಅನಾಹತ, ವಿಶುದ್ಧಿ, ಲಲನಾ, ಆಜ್ಞಾ, ಮನಸ್, ಸೋಮ, ಕೊನೆಗೆ ಸಾವಿರ ಎಸಳಿನ ಕಮಲ. ಜೀವ ಈ ಎಸಳುಗಳ ಮೇಲೆ ಓಡಾಡುತ್ತಿರುತ್ತದೆ, ಯಾವ ಎಸಳಿನ ಮೇಲೆ ನಿಂತಿತೋ ಆ ಭಾವ ಮನುಷ್ಯನಲ್ಲಿ ಮೂಡುತ್ತದೆ.

ಹಾಡಿನ ಲೆಕ್ಕ ಹೀಗಿದೆ. ಹೃದಯದ ಅನಾಹತ ಚಕ್ರಕ್ಕೆ ಹನ್ನೆರಡು ಎಸಳು. ಒಂದು, ಎಂಟು, ಹನ್ನೊಂದು, ಹನ್ನೆರಡನೆಯ ಎಸಳಿನಲ್ಲಿ ಜೀವ ನಿಂತಾಗ ಗೀತ ಸಿದ್ಧಿಸುತ್ತದೆ. ನಾಲ್ಕು, ಆರು, ಹತ್ತರಲ್ಲಿ ನಿಂತರೆ ನಾಶವಾಗುತ್ತದೆ. ಕಂಠದ ವಿಶುದ್ಧಿ ಭಾರತಿಯ ಸ್ಥಾನ, ಹದಿನಾರು ಎಸಳು. ಅದರ ಎಂಟನೆಯ ಎಸಳು ಅಮೃತ, ಮುಂದಿನ ಏಳು ಎಸಳುಗಳು ಷಡ್ಜದಿಂದ ನಿಷಾದದವರೆಗೆ ಏಳು ಸ್ವರಗಳು, ಹದಿನಾರನೆಯದು ವಿಷ. ಅಮೃತದಿಂದ ನಿಷಾದದವರೆಗೆ ಹಾಡು ಫಲಿಸುತ್ತದೆ, ವಿಷದಲ್ಲಿ ಅಳಿಯುತ್ತದೆ. ಏಳು ಸ್ವರಗಳ ಪಕ್ಕದಲ್ಲೇ ವಿಷದ ಎಸಳನ್ನು ಇಟ್ಟವನಿಗೆ ಗಾಯಕರ ಬದುಕು ಚೆನ್ನಾಗಿ ಗೊತ್ತಿತ್ತು ಎಂದು ನಾನು ನಂಬುತ್ತೇನೆ. ಲಲನಾ ಚಕ್ರದ ಹತ್ತು ಮತ್ತು ಹನ್ನೊಂದನೆಯ ಎಸಳು ಸಿದ್ಧಿ ಕೊಡುತ್ತವೆ. ಬ್ರಹ್ಮರಂಧ್ರದಲ್ಲಿ ಸುಧೆಯಲ್ಲಿ ನೆನೆದು ತೃಪ್ತನಾದ ಜೀವ ಎಲ್ಲಕ್ಕಿಂತ ಮೇಲಾಗಿ ಹಾಡುತ್ತದೆ. ಉಳಿದ ಎಸಳುಗಳಲ್ಲಿ, ಉಳಿದ ಚಕ್ರಗಳಲ್ಲಿ ಗೀತ ಎಂದೂ ಸಿದ್ಧಿಸುವುದಿಲ್ಲ.

ಆ ಉಳಿದ ಚಕ್ರಗಳಲ್ಲಿ ಸ್ವಾಧಿಷ್ಠಾನವೂ ಒಂದು. ಶಾರ್ಙ್ಗದೇವ ಅದನ್ನು ಕಾಮಶಕ್ತಿಯ ಮನೆ ಎಂದು ಗುರುತಿಸುತ್ತಾನೆ. ಅದರ ಆರು ಎಸಳುಗಳಿಂದ ಬರುವುದು ವಿನಯ, ಕ್ರೌರ್ಯ, ಗರ್ವಭಂಗ, ಮೂರ್ಛೆ, ಅವಜ್ಞೆ, ಅವಿಶ್ವಾಸ. ಹಾಡಿನ ಸುದ್ದಿಯೇ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈಗ ಕಲಿಯಲು ಬರುವ ಮಕ್ಕಳು ಎಲ್ಲೆಲ್ಲೋ ಶಿಬಿರಕ್ಕೆ ಹೋಗಿ ಬಂದು, ಸೃಜನಶೀಲತೆಯ ಬುಗ್ಗೆ ಸ್ವಾಧಿಷ್ಠಾನದಲ್ಲಿದೆ, ಕಿತ್ತಳೆ ಬಣ್ಣ ಧ್ಯಾನಿಸಿದರೆ ಅದು ತೆರೆಯುತ್ತದೆ ಎನ್ನುತ್ತಾರೆ. ಒಬ್ಬಳು ತಂಬೂರಿ ಕೆಳಗಿಟ್ಟು, "ಅಕ್ಕಾರ, ನನ್ನ ಎರಡನೇ ಚಕ್ರ ಮುಚ್ಚೇತಂತ್ರಿ, ಅದಕ್ಕ ಆಲಾಪ ಬೆಳೀವಲ್ದಂತ್ರಿ" ಎಂದಳು. ಮುಖದಲ್ಲಿ ನಿಜವಾದ ಸಂಕಟ. "ಮುಂಜಾನೆ ಎಷ್ಟೊತ್ತು ಖರ್ಜ ಹಚ್ಚತಿ?" ಎಂದು ಅವಳ ಮಂದ್ರ ಸಾಧನೆಯ ಬಗ್ಗೆ ಕೇಳಿದೆ. ತಲೆ ತಗ್ಗಿಸಿದಳು. ಅವಳನ್ನು ಗದರಿಸಲು ಮನಸ್ಸಾಗಲಿಲ್ಲ. ತನ್ನ ಹಾಡು ತನಗಿಂತ ದೊಡ್ಡದರಿಂದ ಬರಬೇಕೆಂದು ಆ ಹುಡುಗಿ ಬಯಸುತ್ತಿದ್ದಾಳೆ, ಆ ಬಯಕೆ ಸರಿಯಾದದ್ದೇ. ಅವಳ ಕೈಗೆ ಕೊಟ್ಟ ನಕ್ಷೆ ಮಾತ್ರ ತೀರಾ ಹೊಸದು.

ಹಳೆಯ ನಕ್ಷೆಗಳು ಒಂದನ್ನೊಂದು ಹೋಲುವುದಿಲ್ಲ. ಆರು ಚಕ್ರಗಳು ಇವೇ ಹೆಸರಲ್ಲಿ, ಇದೇ ಕ್ರಮದಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು ಸಾವಿರ ವರ್ಷದ ಹಿಂದಿನ ಕುಬ್ಜಿಕಾಮತ ತಂತ್ರದಲ್ಲಿ. ಬೇರೆ ತಂತ್ರಗಳ ಎಣಿಕೆಯೇ ಬೇರೆ. ಸೌಂದರ್ಯಲಹರಿ ಸ್ವಾಧಿಷ್ಠಾನದಲ್ಲಿ ಬೆಂಕಿಯನ್ನಿಟ್ಟು ನೀರನ್ನು ಮಣಿಪೂರಕ್ಕೆ ಕಳಿಸುತ್ತದೆ. ಇತರರು ಸ್ವಾಧಿಷ್ಠಾನವನ್ನೇ ನೀರಿನ ನೆಲೆ ಮಾಡುತ್ತಾರೆ. ನವರಾತ್ರಿಯಲ್ಲಿ ಲಲಿತಾ ಸಹಸ್ರನಾಮ ಓದುವ ಮನೆಗಳಲ್ಲಿ ಸ್ವಾಧಿಷ್ಠಾನದ ದೇವಿ ಕಾಕಿನಿ: ನಾಲ್ಕು ಮುಖ, ಹಳದಿ ಮೈ, ಜೇನು ಬೇಕು, ಮೊಸರನ್ನದ ಮೇಲೆ ಪ್ರಾಣ. ಬಂಗಾಳದ ಪೂರ್ಣಾನಂದ ಯತಿ 1577ರಲ್ಲಿ ಮುಗಿಸಿದ ಶ್ರೀತತ್ತ್ವಚಿಂತಾಮಣಿಯ ಆರನೆಯ ಅಧ್ಯಾಯ ಷಟ್‌ಚಕ್ರನಿರೂಪಣದಲ್ಲಿ ಅದೇ ಜಾಗದಲ್ಲಿ ರಾಕಿಣಿ ಇದ್ದಾಳೆ, ನೀಲಿ ಮೈಯವಳು. ಅಲ್ಲಿ ಕಮಲ ಸಿಂಧೂರ ಬಣ್ಣದ್ದು, ಒಳಗೆ ಬಿಳಿಯ ಅರ್ಧಚಂದ್ರ, ಮೊಸಳೆಯಂಥ ಮಕರದ ಮೇಲೆ ವರುಣ, ಜತೆಗೆ ಹರಿ. ಕಿತ್ತಳೆ ಬಣ್ಣ ಈ ಎರಡು ಪಾಠಗಳಲ್ಲೂ ಇಲ್ಲ.

ಪೂರ್ಣಾನಂದನ ಗ್ರಂಥದಲ್ಲಿ ನನ್ನ ಶಿಷ್ಯೆಯ ಪರವಾಗಿ ಒಂದು ಸಾಕ್ಷಿ ಸಿಗುತ್ತದೆ, ಅದನ್ನು ಮುಚ್ಚಿಡಬಾರದು. ಸ್ವಾಧಿಷ್ಠಾನವನ್ನು ಧ್ಯಾನಿಸಿದವನ ಮಾತು ಗದ್ಯದಲ್ಲೂ ಪದ್ಯದಲ್ಲೂ ಅಮೃತದಂತೆ ಹರಿಯುತ್ತದೆ ಎಂದು ಅವನು ಫಲ ಹೇಳುತ್ತಾನೆ. ಆದರೆ ಅದಕ್ಕೂ ಮೊದಲು ಅವನು ಹೇಳುವ ಫಲ, ಅಹಂಕಾರ ಮೊದಲಾದ ಶತ್ರುಗಳು ತೊಲಗುವುದು. ಮಾತಿನ ಸಿದ್ಧಿಯನ್ನು ಈ ಒಂದು ಕಮಲಕ್ಕೇ ಅವನು ಬರೆದುಕೊಟ್ಟಿಲ್ಲ. ಮೂಲಾಧಾರವನ್ನು ಧ್ಯಾನಿಸಿದವನೂ ಮಾತಿಗೆ ಒಡೆಯನಾಗುತ್ತಾನೆ, ಮಣಿಪೂರವನ್ನು ಧ್ಯಾನಿಸಿದವನ ಮುಖದಲ್ಲಿ ವಾಣಿ ನೆಲೆಸುತ್ತಾಳೆ, ವಿಶುದ್ಧದವನು ವಾಗ್ಮಿ. ಎಲ್ಲ ಮೆಟ್ಟಿಲುಗಳ ಮೇಲೂ ಸರಸ್ವತಿ ಇದ್ದಾಳೆ. ಈ ಔದಾರ್ಯ ನನಗೆ ಬಹಳ ಮುಖ್ಯ.

ಹಾಗಾದರೆ ಒಂದೇ ಚಕ್ರಕ್ಕೆ ಪಟ್ಟ ಕಟ್ಟಿದ್ದು ಯಾವಾಗ? ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರೋಫ್, ಅಟಲ್ ಬಿಹಾರಿ ಘೋಷ್ ಎಂಬ ಬಂಗಾಳಿ ವಿದ್ವಾಂಸರ ನೆರವಿನಿಂದ, ಪೂರ್ಣಾನಂದನ ಅಧ್ಯಾಯವನ್ನು 1919ರಲ್ಲಿ ಇಂಗ್ಲಿಷಿಗೆ ತಂದರು. ಪಶ್ಚಿಮಕ್ಕೆ ಚಕ್ರಗಳು ಹೋದದ್ದು ಮುಖ್ಯವಾಗಿ ಆ ಪುಸ್ತಕದಿಂದ. ಹಲವು ನಕ್ಷೆಗಳಲ್ಲಿ ಒಂದು ಅಲ್ಲಿ ಏಕೈಕ ನಕ್ಷೆಯಾಯಿತು. 1927ರಲ್ಲಿ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯ ಲೆಡ್‌ಬೀಟರ್ ಚಕ್ರಗಳ ಮೇಲೆ ಬಣ್ಣದ ಚಿತ್ರಗಳ ಪುಸ್ತಕ ತಂದರು. ಕಾಮದ ಸ್ಥಾನವನ್ನು ಎಬ್ಬಿಸುವುದು ಅಪಾಯವೆಂದು ಅವರು ಸ್ವಾಧಿಷ್ಠಾನವನ್ನೇ ಬಿಟ್ಟು ಗುಲ್ಮದ ಹತ್ತಿರ ಬೇರೊಂದು ಚಕ್ರ ಇಟ್ಟರು. 1932ರಲ್ಲಿ ಜ್ಯೂರಿಕ್‌ನಲ್ಲಿ ಕಾರ್ಲ್ ಯೂಂಗ್ ಕುಂಡಲಿನಿಯ ಮೇಲೆ ಉಪನ್ಯಾಸ ಕೊಟ್ಟು, ವರುಣನ ನೀರು ಮತ್ತು ಮಕರವನ್ನು ನಮ್ಮ ಅರಿವಿನ ತಳದಲ್ಲಿರುವ ಸುಪ್ತ ಮನಸ್ಸಿನ ಕಡಲೆಂದು ಓದಿದರು. ಕಾಮ, ನೀರು, ಸುಪ್ತ ಮನಸ್ಸು ಒಂದೆಡೆ ಸೇರಿದ ಮೇಲೆ ಕಲೆಯ ಸೆಲೆಯೂ ಅಲ್ಲೇ ಎನ್ನಲು ಬಹಳ ಹೊತ್ತು ಬೇಕಿರಲಿಲ್ಲ. ಕಾಮನಬಿಲ್ಲಿನ ಏಳು ಬಣ್ಣಗಳನ್ನು ಏಳು ಚಕ್ರಗಳಿಗೆ ಕ್ರಮವಾಗಿ ಹಂಚುವ ರೂಢಿ 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಬೇರೂರಿತು. ಎರಡನೆಯದಕ್ಕೆ ಕಿತ್ತಳೆ ಬಂದದ್ದು ಹಾಗೆ. 1987ರಲ್ಲಿ ಅನೋಡಿಯಾ ಜೂಡಿತ್ ಬರೆದ ಪ್ರಸಿದ್ಧ ಕೈಪಿಡಿ ಸೃಜನಶೀಲತೆಯನ್ನು ಕಂಠಕ್ಕೇ ಕೊಟ್ಟಿತ್ತು, ಆದರೆ ಜನಪ್ರಿಯ ಮಾತು ಎರಡನೆಯ ಚಕ್ರದಲ್ಲೇ ಉಳಿಯಿತು.

ಅದೇ ಅಡ್ಯಾರಿನ ಗ್ರಂಥಾಲಯ 1943ರಿಂದ ಸಂಗೀತರತ್ನಾಕರವನ್ನು, ಕಲ್ಲಿನಾಥ ಮತ್ತು ಸಿಂಹಭೂಪಾಲರ ಎರಡು ವ್ಯಾಖ್ಯಾನಗಳ ಸಮೇತ, ಸಂಪಾದಿಸಿ ಅಚ್ಚು ಮಾಡಿತು. ಒಂದೇ ತೋಟದಿಂದ ಎರಡು ಚಕ್ರಪಾಠಗಳು ಹೊರಬಂದವು. ಮೊದಲನೆಯದು ಲೋಕವೆಲ್ಲ ಸುತ್ತಿತು, ಎರಡನೆಯದು ಸಂಗೀತ ವಿದ್ವಾಂಸರ ಕಪಾಟಿನಲ್ಲಿ ನಿಂತಿತು. ಹಾಡುವವರಿಗಾಗಿ ಬರೆದ ಪಾಠ ಹಾಗೆ ಮೂಲೆ ಸೇರಿದ್ದು ನನಗೆ ನೋವಿನ ಸಂಗತಿ.

ನಮ್ಮ ಕಡೆಯ ಶರಣರ ಷಟ್‌ಸ್ಥಲದಲ್ಲಿ ಸ್ವಾಧಿಷ್ಠಾನಕ್ಕೆ ಇನ್ನೊಂದು ಅರ್ಥವಿದೆ. ಆರು ಚಕ್ರಗಳಿಗೆ ಆರು ಸ್ಥಲ, ಆರು ಲಿಂಗ. ಎರಡನೆಯದು ಮಹೇಶ ಸ್ಥಲ, ಅಲ್ಲಿರುವುದು ಗುರುಲಿಂಗ, ತತ್ತ್ವ ನೀರು, ಇಂದ್ರಿಯ ನಾಲಿಗೆ, ಲಿಂಗಕ್ಕೆ ಅರ್ಪಿಸಬೇಕಾದದ್ದು ರುಚಿ. ಇಲ್ಲಿನ ಭಕ್ತಿಗೆ ನಿಷ್ಠಾಭಕ್ತಿ ಎಂದು ಹೆಸರು. ಪರಧನಕ್ಕೆ, ಪರಸ್ತ್ರೀಗೆ ಮನಸ್ಸು ಹರಿಯಬಿಡದೆ, ಹಿಡಿದದ್ದನ್ನು ಕಷ್ಟ ಬಂದರೂ ಬಿಡದವನು ಮಹೇಶ. ಹರಿಯುವ ನೀರಿನ ನೆಲೆಯಲ್ಲಿ ಶರಣರು ಹರಿಯದ ಮನಸ್ಸನ್ನು ಕೇಳಿದರು. ಭೋಗಿಸುವ ಮೊದಲು ಅರ್ಪಿಸು ಎಂದರು. ಹೀಗೆ ಕೇಳಿದ ಜನರೇ ಕನ್ನಡದಲ್ಲಿ ಹಿಂದೆಂದೂ ಇರದ ಒಂದು ಸಾಹಿತ್ಯ ರೂಪವನ್ನು ಸೃಷ್ಟಿಸಿದರು. ಅಂಬಿಗರು, ನೇಕಾರರು, ಕಾಯಕ ಮಾಡುವ ಹೆಂಗಸರು ವಚನಕಾರರಾದರು. ಸೃಷ್ಟಿಯ ಆಧ್ಯಾತ್ಮಿಕ ಮೂಲ ಎಲ್ಲಿ ಎಂದು ಕೇಳುವವರಿಗೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕಿಂತ ಹತ್ತಿರದ ಉದಾಹರಣೆ ನನ್ನಲ್ಲಿಲ್ಲ.

ಆ ನಿಷ್ಠೆಯನ್ನು ನಾನು ಕಂಠದಲ್ಲಿ ಕೇಳಿದ್ದು ಮಲ್ಲಿಕಾರ್ಜುನ ಮನ್ಸೂರರಿಂದ. 1910ರಲ್ಲಿ ಧಾರವಾಡದ ಪಕ್ಕದ ಮನಸೂರಿನಲ್ಲಿ ಹುಟ್ಟಿ, ಜೈಪುರ-ಅತ್ರೌಲಿಯ ಅಪರೂಪದ ರಾಗಗಳನ್ನು ಕೊನೆಯವರೆಗೆ ಹಾಡಿ, 1992ರಲ್ಲಿ ಹೋದವರು. ಅವರು ವಚನ ಹಾಡುವಾಗ ರಾಗ ಎಲ್ಲಿ ಮುಗಿದು ಪ್ರಾರ್ಥನೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲಾಗುತ್ತಿರಲಿಲ್ಲ. ಕಲಿತದ್ದನ್ನು ಒಂದು ಎಳೆಯೂ ಸಡಿಲಿಸದೆ ಹಿಡಿದವರಿಗೆ ಮಾತ್ರ ಆ ಬಿಡುಗಡೆ ಸಿಗುತ್ತದೆ ಎಂದು ನನ್ನ ನಂಬಿಕೆ.

ನನ್ನ ಶಿಷ್ಯೆಯನ್ನು ಖರ್ಜದ ಬಗ್ಗೆ ಕೇಳಿದ್ದರ ಹಿಂದೆ ಶಾರ್ಙ್ಗದೇವನೇ ಇದ್ದಾನೆ. ಮಂದ್ರ ಹೃದಯದಲ್ಲಿ, ಮಧ್ಯ ಕಂಠದಲ್ಲಿ, ತಾರ ತಲೆಯಲ್ಲಿ ಎಂಬುದು ಅವನ ಪಾಠ. ನುಡಿಯಬೇಕೆಂದು ಬಯಸಿದ ಆತ್ಮ ಮನಸ್ಸನ್ನು ಪ್ರೇರಿಸುತ್ತದೆ, ಮನಸ್ಸು ದೇಹದ ಬೆಂಕಿಯನ್ನು ತಟ್ಟುತ್ತದೆ, ಬೆಂಕಿ ಗಾಳಿಯನ್ನು ಎಬ್ಬಿಸುತ್ತದೆ. ಬ್ರಹ್ಮಗ್ರಂಥಿಯಲ್ಲಿದ್ದ ಆ ಗಾಳಿ ಮೇಲೇರುತ್ತ ಹೊಕ್ಕುಳಲ್ಲಿ ಅತಿಸೂಕ್ಷ್ಮ, ಹೃದಯದಲ್ಲಿ ಸೂಕ್ಷ್ಮ, ಕಂಠದಲ್ಲಿ ಪುಷ್ಟ, ತಲೆಯಲ್ಲಿ ಅಪುಷ್ಟ, ಬಾಯಲ್ಲಿ ಕೃತ್ರಿಮ ನಾದವಾಗುತ್ತದೆ. ಬಾಯಿಂದ ಹೊರಬಿದ್ದ ದನಿಯನ್ನು ಕೃತ್ರಿಮವೆಂದು ಕರೆದ ಧೈರ್ಯ ನೋಡಿ. ಮಂದ್ರದ ಸಾಧನೆ ಎಂದರೆ ಆ ಸೂಕ್ಷ್ಮದ ಹತ್ತಿರ ಕೂತುಕೊಳ್ಳುವುದು. ಹೃದಯದ ಮೇಲ್ಮುಖ ನಾಡಿಗೆ ಅಡ್ಡಲಾಗಿ ಇಪ್ಪತ್ತೆರಡು ನಾಡಿಗಳಿವೆ, ಗಾಳಿ ತಾಕಿದಾಗ ಅವು ಒಂದಕ್ಕಿಂತ ಒಂದು ಎತ್ತರದ ಇಪ್ಪತ್ತೆರಡು ಶ್ರುತಿಗಳಾಗುತ್ತವೆ. ಕಂಠದಲ್ಲೂ ತಲೆಯಲ್ಲೂ ಹಾಗೆಯೇ.

ಚಕ್ರಗಳ ಪ್ರಕರಣವನ್ನು ಅವನು ಮುಗಿಸುವ ರೀತಿ ನನಗೆ ಅಚ್ಚುಮೆಚ್ಚು. ಮಲದಿಂದ ತುಂಬಿದ ಈ ದೇಹದಲ್ಲೇ ಬುದ್ಧಿವಂತರು ಉಪಾಯದಿಂದ ಭೋಗವನ್ನೂ ಮೋಕ್ಷವನ್ನೂ ಪಡೆಯುತ್ತಾರೆ. ತಟ್ಟದೆ ಹುಟ್ಟುವ ಅನಾಹತ ನಾದವನ್ನು ಮುನಿಗಳು ಗುರು ತೋರಿದ ದಾರಿಯಲ್ಲಿ ಉಪಾಸಿಸುತ್ತಾರೆ. ಅದು ಮುಕ್ತಿ ಕೊಡುತ್ತದೆ, ಆದರೆ ರಂಜಿಸುವುದಿಲ್ಲ. ತಟ್ಟಿ ಹುಟ್ಟಿಸುವ ಆಹತ ನಾದ ಲೋಕವನ್ನು ರಂಜಿಸುತ್ತದೆ, ಭವವನ್ನೂ ಮುರಿಯುತ್ತದೆ. ಆದ್ದರಿಂದ ಅದನ್ನೇ ಹೇಳುತ್ತೇನೆ ಎಂದು ಅವನು ಯೋಗಶಾಸ್ತ್ರವನ್ನು ಅಲ್ಲಿಗೇ ಬಿಡುತ್ತಾನೆ. ಮುಂದಿನ ಪ್ರಕರಣದಲ್ಲಿ, ಶ್ರುತಿಗಳನ್ನು ಕಿವಿಗೆ ತೋರಿಸಿಕೊಡಲು, ಒಂದೇ ಅಳತೆಯ ಎರಡು ವೀಣೆಗಳನ್ನು ಮಾಡಿಸಲು ಹೇಳುತ್ತಾನೆ. ಒಂದು ಧ್ರುವ, ಒಂದು ಚಲ, ಒಂದೊಂದಕ್ಕೂ ಇಪ್ಪತ್ತೆರಡು ತಂತಿ. ಮೊದಲ ತಂತಿಯನ್ನು ಸಾಧ್ಯವಾದಷ್ಟು ಮಂದ್ರಕ್ಕೆ ಕಟ್ಟಬೇಕು, ಎರಡನೆಯದನ್ನು ಅದಕ್ಕಿಂತ ಸ್ವಲ್ಪವೇ ಎತ್ತರಕ್ಕೆ, ನಡುವೆ ಇನ್ನೊಂದು ದನಿಗೆ ಎಡೆಯಿಲ್ಲದಷ್ಟು ಸ್ವಲ್ಪ.