ಫ್ಲಾಟ್‌ಗಳಲ್ಲಿ ಅನಿರೀಕ್ಷಿತವಾಗಿ ಏರಿದ ವಿದ್ಯುತ್ ಬಿಲ್ಲು: ಕಾರಣ ಪತ್ತೆ ಹಚ್ಚುವ ಕ್ರಮ

(ಪಶ್ಚಿಮ ಬೆಂಗಳೂರಿನ ಗೃಹಬಳಕೆ ಗ್ರಾಹಕರ ಮಾಹಿತಿಗಾಗಿ)

1. ಪೀಠಿಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಒಂದೇ ಕಟ್ಟಡದಲ್ಲಿ ಹಲವು ಕುಟುಂಬಗಳು ವಾಸಿಸುವುದು ಸಾಮಾನ್ಯ. ಹಳೆಯ ಬಡಾವಣೆಗಳಲ್ಲಿ ಒಂದು ಅಂತಸ್ತಿನ ಮನೆಯ ಮೇಲೆ ಕಾಲಕ್ರಮದಲ್ಲಿ ಎರಡು ಮೂರು ಅಂತಸ್ತುಗಳು ಸೇರಿವೆ. ಕೆಂಗೇರಿಯ ಕಡೆ ದೊಡ್ಡ ವಸತಿ ಸಮುಚ್ಚಯಗಳು ಬಂದಿವೆ. ಎರಡೂ ಬಗೆಯ ಕಟ್ಟಡಗಳಲ್ಲಿ ವಿದ್ಯುತ್ ಮಾಪಕಗಳು ನೆಲಮಹಡಿಯಲ್ಲಿ ಸಾಲಾಗಿ ಇರುತ್ತವೆ. ಬಳಕೆ ನಡೆಯುವುದು ಮೇಲಿನ ಮನೆಗಳಲ್ಲಿ. ಈ ಅಂತರದಲ್ಲಿಯೇ ಅನೇಕ ಸಂದೇಹಗಳು ಹುಟ್ಟುತ್ತವೆ.

ಬಿಲ್ಲು ಹಠಾತ್ತನೆ ಏರಿದಾಗ ಮಾಪಕವೇ ಕೆಟ್ಟಿದೆಯೆಂದು ಭಾವಿಸುವುದು ಸಹಜ. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ಮೂರು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಕಂಡುಕೊಳ್ಳುವುದು ಸೂಕ್ತ.

(ಅ) ಏರಿರುವುದು ಯೂನಿಟ್ಟುಗಳೇ ಅಥವಾ ಹಣವೇ?
(ಆ) ಮಾಪಕವು ತಮ್ಮ ಮನೆಯ ಬಳಕೆಯನ್ನು ಮಾತ್ರ ಅಳೆಯುತ್ತಿದೆಯೇ?
(ಇ) ಮನೆಯೊಳಗೆ ಅರಿವಿಗೆ ಬಾರದೆ ವಿದ್ಯುತ್ತು ವ್ಯಯವಾಗುತ್ತಿದೆಯೇ?

ಮೂರನೆಯ ಪ್ರಶ್ನೆ ಹಣಕ್ಕಷ್ಟೇ ಸಂಬಂಧಿಸಿದ್ದಲ್ಲ. ಕೆಲವೊಮ್ಮೆ ಅಧಿಕ ಬಿಲ್ಲು ಪ್ರಾಣಾಪಾಯದ ಮುನ್ಸೂಚನೆಯೂ ಆಗಿರುತ್ತದೆ.

2. ಬಿಲ್ಲಿನ ಪರಿಶೀಲನೆ

ಮೊದಲು ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ಹಿಂದಿನ ಮಾಪನ, ಈಗಿನ ಮಾಪನ ಮತ್ತು ಎರಡೂ ದಿನಾಂಕಗಳನ್ನು ನೋಡಬೇಕು. ಈಗಿನ ಮಾಪನವನ್ನು ಮಾಪಕದ ಅಂಕಿಗಳೊಂದಿಗೆ ಹೋಲಿಸಬೇಕು. ಮಾಪಕದ ಪರದೆಯಲ್ಲಿ ವೋಲ್ಟೇಜು, ದಿನಾಂಕ, ಗರಿಷ್ಠ ಬೇಡಿಕೆ ಮೊದಲಾದವು ಒಂದಾದ ಮೇಲೊಂದು ಮೂಡುವುದರಿಂದ, ಕಿಲೋವ್ಯಾಟ್ ಗಂಟೆಯ ಸಂಜ್ಞೆ ಇರುವ ಅಂಕಿಯನ್ನೇ ಪರಿಗಣಿಸತಕ್ಕದ್ದು.

ಬಳಸಿದ ಯೂನಿಟ್ಟುಗಳನ್ನು ದಿನಗಳ ಸಂಖ್ಯೆಯಿಂದ ಭಾಗಿಸಿ, ದಿನದ ಸರಾಸರಿಯನ್ನು ಹಿಂದಿನ ತಿಂಗಳುಗಳ ಸರಾಸರಿಯೊಂದಿಗೆ ಹೋಲಿಸಬೇಕು. ಮಾಪನ ತಡವಾಗಿ ನಡೆದಿದ್ದರೆ 34 ದಿನಗಳ ಬಳಕೆ ಒಂದೇ ಬಿಲ್ಲಿನಲ್ಲಿ ಬಂದಿರಬಹುದು. ಹಿಂದಿನ ತಿಂಗಳು ಸರಾಸರಿಯ ಮೇಲೆ ಬಿಲ್ಲು ನೀಡಿದ್ದರೆ, ಅದರ ವ್ಯತ್ಯಾಸವೂ ಈ ಬಾರಿ ಸೇರಿರಬಹುದು. ದಿನದ ಸರಾಸರಿ ಬದಲಾಗಿಲ್ಲವೆಂದಾದರೆ ಏರಿರುವುದು ಹಣ ಮಾತ್ರ. ಅದಕ್ಕೆ ಕಾರಣ ದರಪಟ್ಟಿಯಲ್ಲಿದೆ, ಮನೆಯ ತಂತಿಗಳಲ್ಲಿಲ್ಲ.

3. ದರ ಮತ್ತು ಇತರ ಬಾಬತ್ತುಗಳು

ಬಳಕೆ ಹೆಚ್ಚದೆಯೇ ಬಿಲ್ಲು ಏರಿದ್ದಕ್ಕೆ 2023ರ ಜೂನ್ ತಿಂಗಳು ಉತ್ತಮ ನಿದರ್ಶನ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2023ರ ಮೇ 12ರಂದು ಹೊರಡಿಸಿದ ದರ ಆದೇಶವು ಅದೇ ವರ್ಷದ ಏಪ್ರಿಲ್ 1ರಿಂದ ಪೂರ್ವಾನ್ವಯವಾಯಿತು. ಹಿಂದಿನ ಅವಧಿಯ ವ್ಯತ್ಯಾಸದ ಮೊತ್ತ ಹಾಗೂ ಇಂಧನ ಹೊಂದಾಣಿಕೆ ಶುಲ್ಕ ಒಟ್ಟಿಗೆ ಸೇರಿದ್ದರಿಂದ ಜೂನ್ ಬಿಲ್ಲು ನಗರದ ಬಹುತೇಕ ಮನೆಗಳಲ್ಲಿ ಏರಿತು. ಆ ಆದೇಶದಂತೆ 100 ಯೂನಿಟ್ಟುಗಳವರೆಗೆ ಯೂನಿಟ್ಟಿಗೆ ರೂ. 4.75 ಇದ್ದು, 100 ಮೀರಿದರೆ ಎಲ್ಲ ಯೂನಿಟ್ಟುಗಳಿಗೂ ರೂ. 7 ಅನ್ವಯಿಸುತ್ತಿತ್ತು. 100 ಯೂನಿಟ್ಟಿಗೆ ರೂ. 475 ಆದರೆ 101 ಯೂನಿಟ್ಟಿಗೆ ರೂ. 707 ಆಗುತ್ತಿತ್ತು. 2024ರ ಏಪ್ರಿಲ್ 1ರಿಂದ ಈ ಹಂತಗಳು ರದ್ದಾಗಿ ಯೂನಿಟ್ಟಿಗೆ ಏಕರೂಪದ ರೂ. 5.90 ಜಾರಿಗೆ ಬಂದಿತು.

2025ರ ಏಪ್ರಿಲ್ 1ರಂದು ಯೂನಿಟ್ಟಿನ ದರ ರೂ. 5.80ಕ್ಕೆ ಇಳಿಯಿತು, ಆದರೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ ರೂ. 120ರಿಂದ ರೂ. 145ಕ್ಕೆ ಏರಿತು. ಅದೇ ದಿನದಿಂದ ಪಿಂಚಣಿ ಮತ್ತು ಗ್ರಾಚ್ಯುಟಿ ವಂತಿಗೆಗಾಗಿ ಯೂನಿಟ್ಟಿಗೆ 36 ಪೈಸೆಯೂ ಸೇರಿತು. ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಬಿಲ್ಲಿನ ಅವಧಿಗೆ ಅನ್ವಯಿಸುವ ದರಪಟ್ಟಿಯನ್ನು ನೋಡಿಕೊಳ್ಳಬೇಕು. ಇದಲ್ಲದೆ ಈ ಕೆಳಕಂಡ ಬಾಬತ್ತುಗಳನ್ನೂ ಗಮನಿಸಬೇಕು.

(ಅ) ಮಂಜೂರಾದ ಹೊರೆ: ಇದು ಹಿಂದಿಗಿಂತ ಹೆಚ್ಚಾಗಿ ನಮೂದಾಗಿದ್ದರೆ ಯೂನಿಟ್ಟು ಬಳಸದಿದ್ದರೂ ನಿಗದಿತ ಶುಲ್ಕ ಹೆಚ್ಚುತ್ತದೆ.
(ಆ) ಹೆಚ್ಚುವರಿ ಭದ್ರತಾ ಠೇವಣಿ: ಬಳಕೆ ಹೆಚ್ಚಿದ ಗ್ರಾಹಕರಿಂದ ಇದನ್ನು ಕೇಳಲಾಗುತ್ತದೆ. ಇದು ಶುಲ್ಕವಲ್ಲ, ಬಡ್ಡಿ ಬರುವ ಠೇವಣಿ.
(ಇ) ಬಾಕಿ ಮತ್ತು ಬಡ್ಡಿ: ಹಿಂದಿನ ಪಾವತಿ ಜಮೆಯಾಗಿದೆಯೇ ಎಂಬುದನ್ನು ರಸೀದಿಯೊಂದಿಗೆ ತಾಳೆ ನೋಡಬೇಕು.

4. ಗೃಹಜ್ಯೋತಿ ಯೋಜನೆಯ ಮಿತಿ

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟು ಗರಿಷ್ಠ ಮಿತಿ. ಆದರೆ ಪ್ರತಿ ಮನೆಗೂ 200 ಯೂನಿಟ್ಟು ಉಚಿತವೆಂದು ಇದರ ಅರ್ಥವಲ್ಲ. 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಆಯಾ ಸ್ಥಾವರದ ಅರ್ಹತಾ ಪ್ರಮಾಣವನ್ನು ನಿಗದಿಪಡಿಸಲಾಯಿತು. ಅರ್ಹತೆ ಮೀರಿ 200ರ ಒಳಗೆ ಬಳಸಿದರೆ ಹೆಚ್ಚುವರಿ ಬಳಕೆಗೆ ಮಾತ್ರ ಹಣ ತೆರಬೇಕು. 200 ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಉದಾಹರಣೆಗೆ, 180 ಯೂನಿಟ್ಟು ಅರ್ಹತೆಯುಳ್ಳ 3 ಕಿಲೋವ್ಯಾಟ್ ಸ್ಥಾವರವು 200 ಯೂನಿಟ್ಟು ಬಳಸಿದರೆ 20 ಯೂನಿಟ್ಟುಗಳಿಗೆ ಶುಲ್ಕ ಬೀಳುತ್ತದೆ. ಅದೇ 201 ಯೂನಿಟ್ಟು ಬಳಸಿದರೆ, 2025ರ ಏಪ್ರಿಲ್ ದರದಂತೆ ನಿಗದಿತ ಶುಲ್ಕ ರೂ. 435, ಬಳಕೆ ಶುಲ್ಕ ರೂ. 1,165.80, ಪಿಂಚಣಿ ವಂತಿಗೆ ರೂ. 72.36 ಮತ್ತು ಬಳಕೆ ಶುಲ್ಕದ ಮೇಲೆ ಶೇ. 9 ವಿದ್ಯುಚ್ಛಕ್ತಿ ತೆರಿಗೆ ರೂ. 104.92 ಸೇರಿ, ಇಂಧನ ಹೊಂದಾಣಿಕೆಯನ್ನು ಬಿಟ್ಟು ಸುಮಾರು ರೂ. 1,778 ಆಗುತ್ತದೆ. ಒಂದೇ ಒಂದು ಯೂನಿಟ್ಟಿನ ವ್ಯತ್ಯಾಸ ಇಷ್ಟನ್ನು ಮಾಡಬಲ್ಲದು. ಆದಕಾರಣ ಮಿತಿಯ ಸಮೀಪದಲ್ಲಿರುವ ಮನೆಗಳು ಮುಂದೆ ಹೇಳಲಾದ ಸಣ್ಣ ಸೋರಿಕೆಗಳನ್ನು ಅಲಕ್ಷಿಸುವಂತಿಲ್ಲ.

5. ಮಾಪಕ ಯಾರದು?

ಯೂನಿಟ್ಟುಗಳೇ ಹೆಚ್ಚಿದ್ದರೆ, ಮೊದಲು ಬಿಲ್ಲಿನಲ್ಲಿರುವ ಮಾಪಕದ ಸಂಖ್ಯೆ ಮಾಪಕದ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದಿದರೂ, ಆ ಮಾಪಕದಿಂದ ಹೊರಟ ತಂತಿ ತಮ್ಮ ಮನೆಗೇ ಬರುತ್ತಿದೆಯೆಂಬ ಖಾತ್ರಿ ಇರುವುದಿಲ್ಲ. ಕಟ್ಟಡ ನಿರ್ಮಾಣದ ವೇಳೆ ಅಥವಾ ಫಲಕದ ದುರಸ್ತಿಯ ವೇಳೆ ಎರಡು ಮನೆಗಳ ತಂತಿಗಳು ಅದಲುಬದಲಾಗುವುದುಂಟು. ಇಬ್ಬರ ಬಳಕೆಯೂ ಸಮವಾಗಿರುವವರೆಗೆ ಇದು ಯಾರ ಗಮನಕ್ಕೂ ಬಾರದು. ಒಂದು ಮನೆಗೆ ಹೊಸ ಕುಟುಂಬ ಬಂದೊಡನೆ ಬೆಳಕಿಗೆ ಬರುತ್ತದೆ.

ಇದನ್ನು ಪರೀಕ್ಷಿಸುವ ವಿಧಾನ ಸರಳ. ಮಾಪಕದ ಮೇಲೆ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಬಳಕೆ ಹೆಚ್ಚಿದಷ್ಟೂ ಅದರ ವೇಗ ಹೆಚ್ಚುತ್ತದೆ. ಒಬ್ಬರು ಮಾಪಕದ ಬಳಿ ನಿಂತಿರಲಿ, ಮತ್ತೊಬ್ಬರು ಮನೆಯೊಳಗಿನಿಂದ ಕೆಳಗಿನಂತೆ ಕ್ರಮವಹಿಸಲಿ.

ಮೊದಲ ಹಂತ: ಯು.ಪಿ.ಎಸ್. ಸೇರಿದಂತೆ ಎಲ್ಲ ಉಪಕರಣಗಳನ್ನು ನಿಲ್ಲಿಸಿ, ಮುಖ್ಯ ಸ್ವಿಚ್ಚನ್ನು ಹಾಗೆಯೇ ಇಟ್ಟು, ಕೋಣೆಗಳಿಗೆ ಹೋಗುವ ಎಂ.ಸಿ.ಬಿ.ಗಳೆಲ್ಲವನ್ನೂ ಇಳಿಸಬೇಕು. ದೀಪ ಮಿನುಗುವುದು ನಿಂತರೆ ಬಳಕೆಯು ಮನೆಯ ಉಪಕರಣಗಳದ್ದೇ ಅಥವಾ ಆ ಎಂ.ಸಿ.ಬಿ.ಗಳ ಮುಂದಿನ ತಂತಿಗಳದ್ದು.

ಎರಡನೆಯ ಹಂತ: ನಿಲ್ಲದಿದ್ದರೆ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಮುಖ್ಯ ಸ್ವಿಚ್ಚನ್ನು ಇಳಿಸಬೇಕು. ಈಗ ನಿಂತರೆ ನ್ಯೂಟ್ರಲ್ ತಂತಿಯ ದೋಷವನ್ನು ಮೊದಲು ಶಂಕಿಸಬೇಕು. ಆಗಲೂ ನಿಲ್ಲದಿದ್ದರೆ, ಮಾಪಕಕ್ಕೂ ಮನೆಯ ಮುಖ್ಯ ಸ್ವಿಚ್ಚಿಗೂ ನಡುವೆ ಎಲ್ಲಿಯೋ ಬೇರೊಂದು ಸಂಪರ್ಕವಿದೆ, ಇಲ್ಲವೇ ಆ ಮಾಪಕ ಬೇರೊಂದು ಮನೆಯದು ಎಂದು ತಿಳಿಯಬೇಕು.

ಅಂತಹ ಸಂಪರ್ಕಗಳಲ್ಲಿ ಹೆಚ್ಚಾಗಿ ಕಂಡುಬರುವುದು ಸಂಪಿನಿಂದ ಮೇಲಿನ ತೊಟ್ಟಿಗೆ ನೀರೆತ್ತುವ ಪಂಪು ಮತ್ತು ಮೆಟ್ಟಿಲ ದೀಪಗಳು. ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು ಒಂದು ಯೂನಿಟ್ಟು ಬಳಸುತ್ತದೆ. ತೊಟ್ಟಿಯಲ್ಲಿ ಸೋರಿಕೆಯಿದ್ದರೆ ಅಥವಾ ನೀರು ತುಂಬಿ ಹರಿಯುತ್ತಿದ್ದರೆ ಅದು ದಿನಕ್ಕೆ ಹಲವು ಗಂಟೆ ನಡೆಯುತ್ತದೆ. ಮಾಲೀಕರ ಮನೆಯನ್ನು ವಿಭಾಗಿಸಿ ಬಾಡಿಗೆಗೆ ನೀಡಿದ ಕಟ್ಟಡಗಳಲ್ಲಿ ಪಂಪಿನ ಸಂಪರ್ಕ ಯಾವ ಮಾಪಕದ ಮೇಲಿದೆ ಎಂಬುದನ್ನು ಬಾಡಿಗೆದಾರರು ಮೊದಲೇ ವಿಚಾರಿಸುವುದು ಒಳ್ಳೆಯದು.

6. ನ್ಯೂಟ್ರಲ್ ತಂತಿಯ ದೋಷ

ಇದು ಪತ್ತೆಗೆ ಸುಲಭವಾಗಿ ಸಿಗದ ಕಾರಣ. ವಿದ್ಯುತ್ತು ಫೇಸ್ ತಂತಿಯಲ್ಲಿ ಬಂದು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗುತ್ತದೆ. ಎರಡರಲ್ಲೂ ಪ್ರವಾಹ ಸಮವಾಗಿರಬೇಕು. ಕಳವನ್ನು ತಡೆಯುವ ಸಲುವಾಗಿ ಇಂದಿನ ವಿದ್ಯುನ್ಮಾನ ಮಾಪಕಗಳು ಎರಡನ್ನೂ ಗಮನಿಸಿ, ಯಾವುದರಲ್ಲಿ ಪ್ರವಾಹ ಹೆಚ್ಚೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಎರಡು ಮನೆಗಳ ನ್ಯೂಟ್ರಲ್ ತಂತಿಗಳು ಎಲ್ಲಿಯಾದರೂ ಕೂಡಿಕೊಂಡಿದ್ದರೆ, ನೆರೆಮನೆಯ ಪ್ರವಾಹದ ಒಂದು ಭಾಗ ತಮ್ಮ ನ್ಯೂಟ್ರಲ್ ತಂತಿಯ ಮೂಲಕ ಹಿಂದಿರುಗುತ್ತದೆ. ಮಾಪಕ ಅದನ್ನು ತಮ್ಮ ಬಳಕೆಯೆಂದೇ ದಾಖಲಿಸುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋದಾಗಲೂ ಯೂನಿಟ್ಟು ಏರಿರುವ ಪ್ರಕರಣಗಳಲ್ಲಿ ಇದನ್ನು ಅವಶ್ಯವಾಗಿ ಪರೀಕ್ಷಿಸಬೇಕು. ಹೊಸ ಅಂತಸ್ತು ಕಟ್ಟಿದಾಗ, ಯು.ಪಿ.ಎಸ್. ಅಳವಡಿಸಿದಾಗ ಅಥವಾ ಒಂದು ಮನೆಯನ್ನು ಎರಡಾಗಿ ವಿಭಾಗಿಸಿದಾಗ ಈ ದೋಷ ಉಂಟಾಗುವ ಸಂಭವ ಹೆಚ್ಚು. ಅನೇಕ ಮಾಪಕಗಳಲ್ಲಿ ಭೂಸಂಪರ್ಕದ ಸೋರಿಕೆಯನ್ನು ಸೂಚಿಸುವ ಪ್ರತ್ಯೇಕ ದೀಪವಿದ್ದು, ಅದು ಸದಾ ಉರಿಯುತ್ತಿದ್ದರೆ ಇಂತಹ ದೋಷವಿದೆಯೆಂದು ಶಂಕಿಸಬಹುದು. ಇದು ಮಾಪಕದ ದೋಷವಲ್ಲ. ಮಾಪಕ ಬದಲಿಸಿದರೂ ಪರಿಹಾರವಾಗದು. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ತಂತಿಗಳನ್ನು ಬೇರ್ಪಡಿಸುವುದೇ ದಾರಿ.

7. ಮನೆಯೊಳಗಿನ ಬಳಕೆ

ಮೊದಲ ಹಂತದಲ್ಲಿಯೇ ದೀಪ ನಿಂತಿದ್ದರೆ, ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಏರಿಸುತ್ತಾ ಯಾವುದರಿಂದ ದೀಪ ಮತ್ತೆ ಮಿನುಗುತ್ತದೆ ಎಂದು ಗುರುತಿಸಬೇಕು. ಎಷ್ಟು ಮಿನುಗುಗಳಿಗೆ ಒಂದು ಯೂನಿಟ್ಟು ಎಂಬುದು ಮಾಪಕದ ಮೇಲೆ ಮುದ್ರಿತವಾಗಿರುತ್ತದೆ. 3,200 ಎಂದಿರುವ ಮಾಪಕದಲ್ಲಿ ಸುಮಾರು 11 ಸೆಕೆಂಡಿಗೊಮ್ಮೆ ಮಿನುಗಿದರೆ ಆಗಿನ ಬಳಕೆ 100 ವ್ಯಾಟ್. ಇದು ಅಲ್ಪವೆಂದು ತೋರಬಹುದು. ಆದರೆ ಹಗಲಿರುಳು ನಡೆದರೆ 30 ದಿನಗಳಲ್ಲಿ 72 ಯೂನಿಟ್ಟಾಗುತ್ತದೆ.

ಗೀಸರ್: 2,000 ವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್ಟು. ಉಷ್ಣನಿಯಂತ್ರಕ ಕೆಟ್ಟಿದ್ದರೆ ನೀರು ಕಾದ ಮೇಲೂ ಬಳಕೆ ಮುಂದುವರಿಯುತ್ತದೆ. ಬಿಸಿನೀರಿನ ನಲ್ಲಿ ಸೋರುತ್ತಿದ್ದರೂ ಪರಿಣಾಮ ಅದೇ.
ಶೀತಕ ಪೆಟ್ಟಿಗೆ: ಬಾಗಿಲಿನ ರಬ್ಬರು ಸಡಿಲವಾಗಿದ್ದರೆ ಯಂತ್ರ ಬಿಡುವಿಲ್ಲದೆ ನಡೆಯುತ್ತದೆ.
ಯು.ಪಿ.ಎಸ್.: ಬ್ಯಾಟರಿ ಹಳತಾಗಿ ಪೂರ್ಣ ಚಾರ್ಜಾಗದಿದ್ದರೆ ಸದಾ ವಿದ್ಯುತ್ತನ್ನು ಎಳೆಯುತ್ತಿರುತ್ತದೆ. ಬ್ಯಾಟರಿ ಅತಿಯಾಗಿ ಬಿಸಿಯಾಗುವುದು ಮತ್ತು ನೀರು ಬೇಗ ಕಡಿಮೆಯಾಗುವುದು ಇದರ ಲಕ್ಷಣಗಳು.

8. ಎಚ್ಚರಿಕೆ

ಗೀಸರಿನ ಕಾಯುವ ಸುರುಳಿಯ ಹೊರಕವಚ ಬಿರುಕು ಬಿಟ್ಟರೆ ವಿದ್ಯುತ್ತು ನೀರಿಗೂ ಭೂಸಂಪರ್ಕಕ್ಕೂ ಸೋರುತ್ತದೆ. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ, ಸ್ವಿಚ್ಚು ಆರಿಸಿದ ಮೇಲೂ ಸೋರಿಕೆ ನಿಲ್ಲುವುದಿಲ್ಲ. ಭೂಸಂಪರ್ಕ ಸರಿಯಾಗಿರುವವರೆಗೆ ಅದು ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ. ಭೂಸಂಪರ್ಕ ತಪ್ಪಿದ ದಿನ ನಲ್ಲಿ ಮುಟ್ಟಿದವರಿಗೆ ತಗಲುತ್ತದೆ. ನಲ್ಲಿ ಅಥವಾ ಗೋಡೆ ಜುಮ್ಮೆನ್ನುವಂತೆ ಅನಿಸಿದರೆ ಮುಖ್ಯ ಸ್ವಿಚ್ಚನ್ನು ಕೂಡಲೇ ಇಳಿಸಿ, ದುರಸ್ತಿಯಾಗುವವರೆಗೆ ಆ ಸ್ನಾನದ ಮನೆಯನ್ನು ಬಳಸಬಾರದು. 30 ಮಿಲಿಆಂಪಿಯರ್ ಸಾಮರ್ಥ್ಯದ ಸೋರಿಕೆ ರಕ್ಷಕ ಸಾಧನವನ್ನು ಅಳವಡಿಸುವುದು ಪ್ರತಿ ಮನೆಗೂ ಹಿತಕರ. ಅದು ಪದೇ ಪದೇ ಬೀಳುತ್ತಿದೆಯೆಂದು ತೆಗೆದುಹಾಕಬಾರದು. ಬೀಳಲು ಕಾರಣವೇನೆಂದು ಹುಡುಕಬೇಕು.

ಮಾಪಕದ ಮುದ್ರೆಯನ್ನು ಯಾವ ಸಂದರ್ಭದಲ್ಲೂ ತೆರೆಯತಕ್ಕದ್ದಲ್ಲ. ಅದು ಶಿಕ್ಷಾರ್ಹ.

9. ದೂರು ಮತ್ತು ಗ್ರಾಹಕರ ಹಕ್ಕುಗಳು

ಮೇಲಿನ ಪರಿಶೀಲನೆಯ ನಂತರವೂ ಸಂದೇಹ ಉಳಿದರೆ, ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ 1912 ಸಹಾಯವಾಣಿಗೆ ದೂರು ನೀಡಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬಿಲ್ಲಿನಲ್ಲಿ ನಮೂದಾಗಿರುವ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿ ಮಾಪಕದ ಪರೀಕ್ಷೆಯನ್ನು ಕೋರಬಹುದು. ಒಂದು ವಾರದ ಕಾಲ ಪ್ರತಿದಿನ ಒಂದೇ ವೇಳೆಗೆ ಬರೆದ ಮಾಪನಗಳು, ಮಾಪಕದ ಛಾಯಾಚಿತ್ರ ಮತ್ತು ಹಿಂದಿನ ಬಿಲ್ಲುಗಳನ್ನು ಅರ್ಜಿಯೊಂದಿಗೆ ಲಗತ್ತಿಸಿದರೆ ತನಿಖೆ ಸುಲಭವಾಗುತ್ತದೆ.

ವಿದ್ಯುಚ್ಛಕ್ತಿ ಅಧಿನಿಯಮ, 2003ರ ಈ ಕೆಳಕಂಡ ಉಪಬಂಧಗಳನ್ನು ಗ್ರಾಹಕರು ತಿಳಿದಿರಬೇಕು.

(ಅ) ಪ್ರಕರಣ 56(1): ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮುನ್ನ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟೀಸು ನೀಡಬೇಕು. ಗ್ರಾಹಕರು ಆಕ್ಷೇಪಣೆಯೊಂದಿಗೆ, ಕೇಳಲಾದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಮೇರೆಗೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಠೇವಣಿ ಇಟ್ಟರೆ ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ.
(ಆ) ಪ್ರಕರಣ 56(2): ಪಾವತಿಸಬೇಕಾದ ದಿನದಿಂದ ಎರಡು ವರ್ಷ ಕಳೆದ ಮೊತ್ತವನ್ನು, ಅದನ್ನು ನಿರಂತರವಾಗಿ ಬಾಕಿಯೆಂದು ತೋರಿಸಿರದ ಹೊರತು, ವಸೂಲು ಮಾಡುವಂತಿಲ್ಲ.
(ಇ) ಪ್ರಕರಣ 42(5) ಮತ್ತು 42(6): ಕಚೇರಿಯ ಉತ್ತರ ಸಮಾಧಾನಕರವಾಗಿರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅನಂತರ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್‌ರಿಗೂ ಅಹವಾಲು ಸಲ್ಲಿಸಬಹುದು.

ವಿವಾದವಿದೆಯೆಂಬ ಕಾರಣಕ್ಕೆ ಏನನ್ನೂ ಪಾವತಿಸದೆ ಸುಮ್ಮನಿರುವುದು ಗ್ರಾಹಕರಿಗೇ ನಷ್ಟ. ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ದಾಖಲಿಸಿ, ಕಾನೂನು ಹೇಳುವಷ್ಟನ್ನು ಠೇವಣಿ ಇಟ್ಟು, ತನಿಖೆಗೆ ಸಹಕರಿಸಬೇಕಾಗಿ ಗ್ರಾಹಕರನ್ನು ಕೋರಲಾಗಿದೆ.